ಸಿಂಹ ಹುಟ್ಟುವ ಹೊತ್ತು

ಹೊನ್ನಾವರದಲ್ಲಿ ಮಾಬ್ಲ ಆಚಾರಿಗೆ ಎರಡು ಹೆಸರು. ಎದುರಿಗೆ ಮಾಬ್ಲಾಚಾರಿ, ಬೆನ್ನ ಹಿಂದೆ ಡಬ್ಬಲ್ ಮಾಬ್ಲ. ಎರಡನೆಯದು ಬಂದದ್ದು ಹನ್ನೆರಡು ವರ್ಷದ ಹಿಂದೆ. ಬೆಳಕೆ ಕಡೆಯವನೊಬ್ಬ ಮೀನಿನ ಟೆಂಪೋ ತಂದು ನಿಲ್ಲಿಸಿ, ಐಸಿನ ನೀರು ಸೋರುತ್ತದೆ, ಅಡಿಗೆ ಇನ್ನೊಂದು ಹಲಗೆ ಹೊಡೆದುಕೊಡಿ ಎಂದಿದ್ದ. ಇವನು ಹೊಡೆದುಕೊಟ್ಟ. ಮೂರು ತಿಂಗಳಿಗೆ ಆ ಎರಡು ಹಲಗೆಗಳ ನಡುವೆ, ಬಂಗಡೆ ಮೀನಿನ ಬುಡದಲ್ಲಿ, ಗಂಧದ ತುಂಡುಗಳು ಸಿಕ್ಕವು. ಕದ್ದವನು ಹೇಗೋ ಜಾರಿಕೊಂಡ. ಹಲಗೆ ಹೊಡೆದವನು ಎರಡು ರಾತ್ರಿ ಲಾಕಪ್ಪಿನಲ್ಲಿ ಸೊಳ್ಳೆ ಹೊಡೆದ. ಮರ ಕೊಯ್ಯುವ ಮಿಶನ್ನಿನ ಪರವಾನಗಿ ಹೋಯಿತು. ಅದನ್ನು ಮತ್ತೆ ಪಡೆಯಲು ಹನ್ನೊಂದು ವರ್ಷ ಕಚೇರಿ ಕಚೇರಿ ಅಲೆದು, ಅವನ ಚಪ್ಪಲಿಯ ಜೊತೆಗೆ ಬಾಯಿಯೂ ಸವೆದಿತ್ತು.

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಮಾಬ್ಲ ನೀರನ್ನೂ ಊದುತ್ತಿದ್ದ. ಯಾರಾದರೂ ಕಪಾಟಿಗೆ ಒಂದು ಗುಟ್ಟಿನ ಖಾನೆ ಮಾಡಿಕೊಡಿ ಅಂದರೆ ಸಾಕು, ಉಳಿ ಕೆಳಗಿಟ್ಟು ಅವರ ಅಪ್ಪ, ಅಜ್ಜ, ಮಾವನ ಮನೆ ಎಲ್ಲ ವಿಚಾರಿಸುತ್ತಿದ್ದ. ಹೆಂಡತಿ ಗಂಗಿ, "ನೀವು ಆಚಾರಿಯೋ, ಪೋಲೀಸೋ?" ಎಂದು ನಗುತ್ತಿದ್ದಳು. ನಗಲಿ. ಲಾಕಪ್ಪಿನ ಹೊರಗೆ ಗಂಜಿ ಡಬ್ಬಿ ಹಿಡಿದು ನಿಂತು ಅತ್ತವಳೂ ಅವಳೇ ಅಲ್ಲವೇ?

ಅಂಥವನ ಅಂಗಳಕ್ಕೆ, ಎರಡು ಸಾವಿರದ ಒಂದನೇ ಇಸವಿಯ ದಸರೆ ಕಳೆದ ಮೇಲೆ, ಒಂದು ಹಳೇ ಮೆಟಡೋರ್ ಬಂದು ನಿಂತಿತು. ಬಾಗಿಲು ತೆಗೆದದ್ದೇ ತಡ, ಮೀನಿನ ವಾಸನೆ. ಇಳಿದವನು ಕುಮಟೆಯ ಶ್ರೀಧರ ನಾಯ್ಕ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಳೆದು ತೂಗಿ ಮಾತಾಡುವ ಜನ.

"ಗಾಡಿ ಎಲ್ಲಿದು?" ಎಂದ ಮಾಬ್ಲ.

"ಬೆಳಕೆದು. ಮೀನು ಹೊಡೀತಿದ್ರು."

ಬೆಳಕೆ ಅಂದದ್ದೇ ಮಾಬ್ಲನ ಕಿವಿ ನೆಟ್ಟಗಾಯಿತು. "ಎಂತ ಮಾಡ್ಬೇಕು?"

"ಒಳಗೆ ತಗಡಿನಿಂದ ಸ್ವಲ್ಪ ಬಿಟ್ಟು ಇನ್ನೊಂದು ಗೋಡೆ. ನಡುವೆ ಎರಡಿಂಚು ಜಾಗ. ಅದ್ರಲ್ಲಿ ತೆಂಗಿನ ನಾರು ತುಂಬೂದು. ಒಳಗೆ ಬೆಚ್ಚಗಿರ್ಬೇಕು. ಘಟ್ಟದ ಮೇಲೆ ಹೋಗೂಕೆ."

ಡಬ್ಬಲ್ ಗೋಡೆ! ಹೊನ್ನಾವರದ ಸೆಖೆಯಲ್ಲಿ ಬೆವರು ಒರೆಸುತ್ತ ನಿಂತವನಿಗೆ ಬೆಚ್ಚಗಿನ ಗಾಡಿ ಬೇಕಂತೆ. ಕುಮಟೆಯಲ್ಲಿ ಆಚಾರಿಗಳು ಸತ್ತುಹೋದರೇ? ಹನ್ನೆರಡು ಮೈಲಿ ದಾಟಿ ಈ ಡಬ್ಬಲ್ ಮಾಬ್ಲನನ್ನೇ ಹುಡುಕಿಕೊಂಡು ಬರಬೇಕೇ?

ಆದರೂ ಕೆಲಸ ಕೆಲಸವೇ. ಅಪ್ಪ ಕಲಿಸಿದ ಪದ್ಧತಿಯಂತೆ ಒಂದು ಮಾತು ಕೇಳಿದ. ಅವರ ಮನೆತನದಲ್ಲಿ, ಜನ ಮಲಗಿ ಏಳುವ ಜಾಗಕ್ಕೆಲ್ಲ ವಾಸ್ತುವಿನ ಆಯ ನೋಡಿಯೇ ಅಳತೆ ಹಾಕುವುದು. ಧ್ವಜಾಯವೋ, ಸಿಂಹಾಯವೋ, ಗಜಾಯವೋ ಬರುವಂತೆ ಅರ್ಧ ಬೆರಳು ಹೆಚ್ಚು ಕಡಿಮೆ ಮಾಡಿ, ಒಳಗಿದ್ದವರಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮೊದಲ ಗೆರೆ ಎಳೆಯುವುದು. ಸಾಮಾನು ತುಂಬುವ ಪೆಟ್ಟಿಗೆಗೆ ಇದೆಲ್ಲ ಇಲ್ಲ, ಟೇಪು ಹಿಡಿದರೆ ಆಯಿತು.

"ಇದು ಜನಕ್ಕೋ, ಸಾಮಾನಿಗೋ?"

ಶ್ರೀಧರ ಆಚೆ ಈಚೆ ನೋಡಿದ. "ಎರಡಕ್ಕೂ ಅಂತ ಇಟ್ಕೊಳ್ಳಿ."

"ಯಾರ್ ಯಾರು ಇರೂದು?"

"ಒಬ್ರು ಇಬ್ರು. ಅದೆಲ್ಲ ಎಂತಕ್ಕೆ ಆಚಾರ್ರೆ?" ಎಂದು ಮಾತು ಮುಗಿಸಿದ.

ಆಯಿತು, ಮಾಬ್ಲ ಆಯ ನೋಡಲಿಲ್ಲ. ಬರೀ ಟೇಪು ಹಿಡಿದ. ಪರವಾನಗಿ ಹೊಸದು, ಬಂದ ಕೆಲಸ ಒಲ್ಲೆ ಎನ್ನುವ ಹಾಗಿರಲಿಲ್ಲ. ಆದರೆ ಕಣ್ಣು ಮಾತ್ರ ಬಿಟ್ಟುಕೊಂಡೇ ಇರುತ್ತೇನೆ ಎಂದುಕೊಂಡ.

ಕಣ್ಣು ಬಿಟ್ಟವನಿಗೆ ಕಾಣುವುದಕ್ಕೇನು ಬರವೇ? ಎರಡನೇ ವಾರ ಶ್ರೀಧರ ಬಂದು, ಎಡಬದಿಗೆ ಒಂದು ಉದ್ದನೆಯ ಪೆಟ್ಟಿಗೆ ಬೇಕು ಎಂದ. ಐದು ಅಡಿ ಉದ್ದ, ಒಂದಡಿ ಅಗಲ, ಒಳಗೆ ರಗ್ಗಿನ ಮೆತ್ತೆ, ಇಟ್ಟ ವಸ್ತು ಒಂದು ಚೂರೂ ಅಲುಗಬಾರದು. ಗಂಧದ ಕೊರಡಿಗೆ ಹೇಳಿ ಮಾಡಿಸಿದ ಅಳತೆ! ಆಮೇಲೆ ಕಿಟಕಿಗೆ ಕಪ್ಪು ಬಟ್ಟೆ, ಒಳಗಿನ ಬೆಳಕು ಹೊರಗೆ ಬೀಳಬಾರದು ಅಂತ. ಬಲ್ಬಿಗೆ ಕೆಂಪು ಕಾಗದ. ಕೊನೆಗೆ ಗಾಡಿಯ ಮೇಲ್ಮಾಡಿಗೆ ಒಂದು ಮುಚ್ಚಳ, ಕೆಳಗಿನಿಂದ ನೂಕಿದರೆ ಆಕಾಶಕ್ಕೆ ತೆರೆಯುವಂಥದ್ದು. ಗಾಡಿಗೆ ಮೂರು ಬಾಗಿಲಿರುವಾಗ ಮಾಡಿನಿಂದ ಹೊರಬೀಳುವ ದರ್ದು ಯಾರಿಗಿರುತ್ತದೆ ಹೇಳಿ?

"ಗಂಗೀ, ಇದು ಒಳ್ಳೇ ಲಕ್ಷಣ ಅಲ್ಲ," ಎಂದ ಊಟಕ್ಕೆ ಕೂತಾಗ.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಉಣ್ಣಿ," ಎಂದಳು ಗಂಗಿ. "ಆ ಮನುಷ್ಯನ ಮುಖ ನೋಡಿದ್ರೆ ಕದಿಯೂ ಜನ ಅಲ್ಲ."

"ಬೆಳಕೆಯವನ ಮುಖ ನೋಡಿಯೂ ನೀ ಹಾಗೇ ಹೇಳಿದ್ದೆ."

ಗಂಗಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಇಷ್ಟರ ಮೇಲೆ ಮಾಬ್ಲನಿಗೆ ಊಟ ರುಚಿಸಲಿಲ್ಲ.

ದೀಪಾವಳಿ ಕಳೆದು ಶನಿವಾರ ಗಾಡಿ ತಯಾರಾಯಿತು. ಒಯ್ಯಲು ಬಂದ ಶ್ರೀಧರ ಎಣ್ಣೆ ಹೊಯ್ಯಲೆಂದು ಬಾನೆಟ್ ಎತ್ತಿದಾಗ, ಮಾಬ್ಲ ಸುಮ್ಮನೆ ಒಳಗೆ ಇಣುಕಿದ. ಸ್ಟೇರಿಂಗಿನ ಪಕ್ಕ ಒಂದು ಚೀಟಿ, ಮುತ್ತು ಪೋಣಿಸಿದಂಥ ಅಕ್ಷರ.

'ಭಾನುವಾರ. ದೇವಿಮನೆ ತಿರುವು. ಸಿಂಹ ಹುಟ್ಟುವುದು 12.30. ಬೀಳುವುದು ಜಾಸ್ತಿ 3ರಿಂದ 5. ನಾಕೆ ದಾಟಿದ ಮೇಲೆ ದೀಪ ಬೇಡ. ಈ ಸಲ ತಪ್ಪಿದರೆ ಮತ್ತೆ ಸಿಗುವುದಿಲ್ಲ.'

ಮಾಬ್ಲ ಹುಟ್ಟಿದಂದಿನಿಂದ ಬಲ್ಲ ಸಿಂಹ ಒಂದೇ, ಆಯದ ಸಿಂಹ. ಈ ಸಿಂಹ ಅದಲ್ಲ. ಇದು ಯಾರದೋ ಅಡ್ಡಹೆಸರು, ಘಟ್ಟದ ಮೇಲಿನ ಯಾವನೋ ದೊಡ್ಡ ಕುಳ. ಹನ್ನೆರಡೂವರೆಗೆ ಪ್ರತ್ಯಕ್ಷವಾಗುತ್ತಾನೆ, ಮೂರರಿಂದ ಐದರವರೆಗೆ ಮಾಲು ಬೀಳುತ್ತದೆ. ಹುಟ್ಟುವುದು ಎಂದು ಬರೆದದ್ದು ಯಾಕೆ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕಳ್ಳರ ಭಾಷೆಯಲ್ಲಿ ಹೇಗೇಗೋ ಬರೆಯುತ್ತಾರೆ.

ಈ ಸಲ ಅವನು ಮೊದಲು ಹೇಳುವವನಾಗಬೇಕಿತ್ತು. ತಾನು ಹೇಳದೆ ಪೋಲೀಸರೇ ಹಿಡಿದರೆ, ಗೋಡೆ ಮಾಡಿದವನಾರು ಎಂಬ ಪ್ರಶ್ನೆಗೆ ಅವನ ಹೆಸರು ಮತ್ತೆ ಮೇಲೆ ಬರುತ್ತದೆ. ಪರವಾನಗಿ ಹೋದರೆ, ಇನ್ನು ಹನ್ನೊಂದು ವರ್ಷ ಅಲೆಯುವ ಕಾಲು ಅವನದಲ್ಲ. ಭಾನುವಾರ ಬೆಳಿಗ್ಗೆ ಮಾವಿನಕುರ್ವೆಗೆ ದೋಣಿ ಹಿಡಿದ. ಅಲ್ಲಿಯ ಚೌಡ ಹಳೇ ಗುರುತಿನವ, ಘಟ್ಟದ ಬುಡದ ಅರಣ್ಯ ತಪಾಸಣೆ ನಾಕೆಯಲ್ಲಿ ಗಾರ್ಡ್, ಅಂದು ರಾತ್ರಿ ಪಾಳಿ. ಚೀಟಿಯ ಸುದ್ದಿ ಕೇಳಿ ಚೌಡನ ಮೀಸೆ ಅರಳಿತು.

"ಗೋಡೆ ಒಡೆದು ನೋಡು. ಆದ್ರೆ ನನ್ನ ಹೆಸರು ಬಾಯಿಗೆ ಬರೂಕಾಗ," ಎಂದ ಮಾಬ್ಲ.

"ನಿಮ್ಮ ಹೆಸರು ಎಂತಕ್ಕೆ ಬತ್ತದೆ? ನಿಶ್ಚಿಂತೆಯಲ್ಲಿ ಮನಿಕಳ್ಳಿ," ಎಂದ ಚೌಡ.

ನಿಶ್ಚಿಂತೆ ಎಲ್ಲಿಂದ ಬರಬೇಕು! ಆ ರಾತ್ರಿ ಗಂಗಿ ಮಲಗಿದ ಮೇಲೆ ಮಾಬ್ಲ ಅಂಗಳದಲ್ಲಿ ಚಾಪೆ ಹಾಕಿ ಕೂತ. ಎಲೆಯಡಿಕೆ ಮೆಲ್ಲುತ್ತ, ಈಗ ಹಿಡಿದಿರಬಹುದು, ಈಗ ಗೋಡೆ ಒಡೆದಿರಬಹುದು ಎಂದು ಎಣಿಸುತ್ತ ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಗ ಮೂಡು ಬದಿಯಿಂದ ಒಂದು ನಕ್ಷತ್ರ ಸರ್‍ರನೆ ತೆಂಗಿನ ತಲೆಯ ಮೇಲೆ ಜಾರಿತು. ಅದರ ಬೆನ್ನಿಗೆ ಇನ್ನೆರಡು. ಆಮೇಲೆ ಆಕಾಶಕ್ಕೆ ತೂತು ಬಿದ್ದ ಹಾಗೆ, ಬಿಳಿ, ಹಸಿರು, ಹಳದಿ, ಕೆಲವು ಸದ್ದಿಲ್ಲದೆ ಒಡೆದು ಹೊಗೆಯ ಗೆರೆ ಬಿಟ್ಟವು. ಒಂದರ ಬೆಳಕಿಗೆ ಅವನ ನೆರಳೇ ಅಂಗಳದಲ್ಲಿ ಬಿತ್ತು. ನಲವತ್ತರವರೆಗೆ ಎಣಿಸಿ ಬಿಟ್ಟ. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ಗಂಗಿಯನ್ನು ಎಬ್ಬಿಸಬೇಕೆನಿಸಿತು, ಆದರೆ ಇಷ್ಟು ಹೊತ್ತು ಯಾಕೆ ಕೂತಿದ್ದಿರಿ ಎಂದು ಕೇಳಿದರೆ? ಸುಮ್ಮನಾದ. ದೊಡ್ಡ ಕಳ್ಳ ಸಿಕ್ಕಿಬಿದ್ದದ್ದಕ್ಕೆ ದೇವರೇ ಹೂ ಎರಚಿದ್ದು ಎಂದು ತನಗೆ ತಾನೇ ಹೇಳಿಕೊಂಡು ಖುಷಿಪಟ್ಟ.

ಮರುದಿನ ಮಧ್ಯಾಹ್ನ ಚೌಡ ಬಂದ. ಮೀಸೆ ಇಳಿದಿತ್ತು.

"ಎಂತ ಆತು?"

"ಎಂತ ಆಗ್ಲಿಲ್ಲ ಮಾರಾಯ್ರೆ. ಗೋಡೆ ಒಡೆದ್ರೆ ನಾರು. ಬರೀ ನಾರು. ಪೆಟ್ಟಿಗೆಯಲ್ಲಿ ಒಂದು ದೊಡ್ಡ ಕೊಳವೆ, ಒಳಗೆ ಕನ್ನಡಿ. ದುರ್ಬೀನಂತೆ. ಒಳಗೆ ಕೂತವ್ರು ಆ ಮೆಕ್ಯಾನಿಕ್ಕನ ಹೆಂಡ್ತಿ. ಕುಮಟೆ ಶಾಲೆಯಲ್ಲಿ ಕಲಿಸೂ ಕವಿತಾ ಅಕ್ಕೋರು. ನಕ್ಷತ್ರ ನೋಡೂಕೆ ಹೊರಟದ್ದು."

ಮಾಬ್ಲ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ಉಬ್ಬಸ ಅಂತೆ ಅವ್ರಿಗೆ," ಚೌಡ ಹೇಳುತ್ತಲೇ ಹೋದ. "ಘಟ್ಟದ ತಂಡಿ ಆಗೂದಿಲ್ಲ. ಅದ್ಕೇ ಗಂಡ ಬೆಚ್ಚಗಿನ ಗಾಡಿ ಮಾಡ್ಸಿದ್ದು. ಮಲಗಿದಲ್ಲೇ ಮಾಡಿನ ಮುಚ್ಚಳ ತೆಗೆದು ನೋಡೂದಂತೆ. ಕಣ್ಣಿಗೆ ಬೆಳಕು ಬಿದ್ರೆ ನಕ್ಷತ್ರ ಸರಿ ಕಾಣೂದಿಲ್ಲ ಅಂತ ಕಪ್ಪು ಬಟ್ಟೆ, ಕೆಂಪು ಬಲ್ಬು. ಅಮಾಸೆ ಕತ್ತಲೆಗೆ ಗುಡ್ಡ ಹತ್ತೂ ಹೆಂಗಸು ಅಂತ ಊರಲ್ಲಿ ಆಡ್ಕೊಳ್ತಾರೆ ಅಂತ, ಅವ ಯಾರಿಗೂ ಹೇಳ್ಲಿಲ್ಲ. ನನಗೆ ಎಂತ ಗೊತ್ತು? ಸಾಹೇಬ್ರು ಬರೂವರೆಗೆ ಬಿಡೂಕೆ ಆಗ ಅಂತ ತಗಡಿನ ಶೆಡ್ಡಿನೊಳಗೆ ಕೂರಿಸ್ದೆ. ಮೇಲೆಲ್ಲ ಟ್ಯೂಬ್‌ಲೈಟು. ಐದೇ ನಿಮಿಷ ಹೊರಗೆ ಬಿಡಿ, ಆಕಾಶ ನೋಡಿ ಬರ್ತೆ ಅಂದ್ರು. ಇಂಥಾ ನಕ್ಷತ್ರದ ಮಳೆ ಮೂವತ್ಮೂರು ವರ್ಷಕ್ಕೊಮ್ಮೆ ಬರೂದು, ಮುಂದಿನ ಸಲಕ್ಕೆ ನಾ ಇರೂದಿಲ್ಲ ಅಂದ್ರು. ಸಾಹೇಬ್ರು ಬಂದದ್ದು ಆರೂವರೆಗೆ. ಬೆಳಕು ಹರಿದಿತ್ತು."

"ಅತ್ರಾ?"

"ಇಲ್ಲ. ಅತ್ತಿದ್ರೆ ನನಗೂ ಹಗುರ ಆಗ್ತಿತ್ತು."

ಚೌಡ ಹೋದ ಮೇಲೆ ಮಾಬ್ಲ ಕೆಲಸಕ್ಕೆ ಕೈ ಹಾಕಲಿಲ್ಲ. ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಅವರಿಗಾಗಿ ಬಿದ್ದದ್ದನ್ನೆಲ್ಲ ಅಂಗಳದಲ್ಲಿ ಎಲೆಯಡಿಕೆ ಉಗಿಯುತ್ತ ಕೂತು ತಾನೊಬ್ಬನೇ ನೋಡಿದ್ದ, ಅದೂ ಅವರನ್ನು ಕತ್ತಲೆಯಿಂದ ಎಳೆಸಿ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ.

ಬುಧವಾರ ಮೆಟಡೋರ್ ಮತ್ತೆ ಅಂಗಳಕ್ಕೆ ಬಂತು. ಒಳಗೋಡೆಯ ಪ್ಲೈವುಡ್ ಸೀಳಿ, ನಾರು ಹೊರಗೆ ನೇತಾಡುತ್ತಿತ್ತು. ಈ ಸಲ ಶ್ರೀಧರನ ಜೊತೆ ಅಕ್ಕೋರೂ ಇಳಿದರು. ನಲವತ್ತು ದಾಟಿದ, ತೆಳ್ಳಗಿನ ಹೆಂಗಸು, ನಾಲ್ಕು ಹೆಜ್ಜೆ ನಡೆದು ನಿಂತು ಉಸಿರು ಎಳೆದುಕೊಂಡರು. ಗಂಗಿ ಓಡಿಹೋಗಿ ಮಣೆ ಹಾಕಿದಳು.

"ಯಾರೋ ಚಾಡಿ ಹೇಳಿದ್ದು," ಎಂದ ಶ್ರೀಧರ, ಹಲ್ಲು ಕಚ್ಚಿ. "ಸಿಕ್ಲಿ ಅವ."

"ಬಿಡಿ ಅದನ್ನ," ಎಂದರು ಅಕ್ಕೋರು. "ಆಚಾರ್ರೆ, ಗೋಡೆ ಮತ್ತೆ ಆಗ್ತದ?"

"ಆಗ್ತದೆ ಅಕ್ಕೋರೆ. ಪೂರ್ತಿ ಬಿಚ್ಚಿ ಮಾಡ್ತೆ. ಮೊದ್ಲಿನದು ಬರೀ ಟೇಪಿನ ಅಳತೆ, ಈಗ ಆಯ ನೋಡಿ ಮಾಡ್ತೆ. ಜನ ಮಲಗೂ ಜಾಗ."

ಅಕ್ಕೋರು ಚೀಲದಿಂದ ಒಂದು ನೋಟುಬುಕ್ಕು ತೆಗೆದರು. ಚೀಟಿಯಲ್ಲಿ ಕಂಡ ಅದೇ ಅಕ್ಷರ, ಅದೇ ಮುತ್ತು.

"ಇನ್ನೊಂದು ಕೇಳೂದಿತ್ತು. ಮೂರು ದಿನದಿಂದ ಸಿಕ್ಕಿದವ್ರನ್ನೆಲ್ಲ ಕೇಳ್ತಾ ಇದ್ದೆ. ಭಾನುವಾರ ರಾತ್ರಿ, ಬೆಳಗಾಗೂ ಹೊತ್ತಿಗೆ, ನಿಮ್ಮ ಕೇರಿಯಲ್ಲಿ ಯಾರಾದ್ರೂ ಎದ್ದಿದ್ರಾ? ಆಕಾಶ ನೋಡಿದವ್ರು? ನನಗಂತೂ ಸಿಗ್ಲಿಲ್ಲ. ನೋಡಿದವ್ರ ಬಾಯಲ್ಲಾದ್ರೂ ಕೇಳಿ ಬರ್ಕೊಳ್ವ ಅಂತ."

ಗಂಗಿ, "ನಮ್ಮಲ್ಲಿ ಯಾರು ಏಳ್ತಾರೆ ಅಕ್ಕೋರೆ? ಎಲ್ಲ ಹೆಣದ ಹಾಗೆ ಮಲಗ್ತಾರೆ," ಎಂದು ನಕ್ಕಳು.

ಅಕ್ಕೋರು ಪುಸ್ತಕ ಮುಚ್ಚತೊಡಗಿದರು. ಮಾಬ್ಲ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚೌಡ ಹೆಸರು ಹೇಳಿರಲಿಲ್ಲ, ಹೇಳುವವನೂ ಅಲ್ಲ.

"ನಾ ನೋಡಿದ್ದೆ," ಎಂದ ಮಾಬ್ಲ.

ಅಕ್ಕೋರ ಮುಖ ಬೆಳಗಿತು. "ಹೌದಾ! ಪುಣ್ಯವಂತ್ರು ನೀವು. ಆ ಹೊತ್ತಿಗೆ ಎಂತಕ್ಕೆ ಎದ್ದಿದ್ರಿ?"

ಹೊಟ್ಟೆನೋವು ಎಂಬ ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಅಷ್ಟು ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲ. ಆದರೆ ಆ ತೆರೆದ ಮುಖದೆದುರು ಅದು ಹೊರಡಲಿಲ್ಲ.

"ನಿಮ್ಮನ್ನು ಹಿಡಿದ ಸುದ್ದಿ ಕಾಯ್ತಿದ್ದೆ ಅಕ್ಕೋರೆ. ನಾಕೆಗೆ ಹೇಳಿದವ ನಾನೇ. ಡಬ್ಬಲ್ ಗೋಡೆ ಅಂದದ್ದಕ್ಕೆ ಹೆದರಿಕೆ ಆತು. ಚೀಟಿಯಲ್ಲಿ ಸಿಂಹ ಅಂತ ಓದಿ, ಗಂಧದ ಕಳ್ಳ ಅಂತ ತಿಳ್ಕೊಂಡೆ."

ಶ್ರೀಧರ ಮುಂದೆ ನುಗ್ಗಿದ. ಅವನ ಕೈಯಲ್ಲಿ ಸ್ಪ್ಯಾನರಿತ್ತು. ಗಂಗಿ ಅಯ್ಯೋ ಎಂದಳು. ಮಾಬ್ಲ ಕದಲಲಿಲ್ಲ, ಒಂದೇಟು ಬಿದ್ದರೆ ಒಳ್ಳೆಯದೇ ಎನಿಸಿತು. ಅಕ್ಕೋರು ಕೂತಲ್ಲಿಂದಲೇ ಗಂಡನ ಅಂಗಿಯ ತುದಿ ಹಿಡಿದು ನಿಲ್ಲಿಸಿದರು. ಆಮೇಲೆ ಪುಸ್ತಕ ತೊಡೆಯ ಮೇಲೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು.

"ಕೂತ್ಕೊಳ್ಳಿ ಆಚಾರ್ರೆ. ಒಂದೂ ಬಿಡದೆ ಹೇಳಿ. ಮೊದಲ್ನೇದು ಯಾವ ಬದಿಯಿಂದ ಬಂತು?"

ಮಾಬ್ಲ ನೆಲದ ಮೇಲೆ ಕೂತ. ಬೆರಳನ್ನು ತೆಂಗಿನ ಮರದಾಚೆ ಚಾಚಿದ. "ಮೂಡು ಬದಿಯಿಂದ ಅಕ್ಕೋರೆ. ಆ ತೆಂಗಿನ ಮರದಿಂದ ಮೇಲೆ. ಎಲ್ಲ ಒಂದೇ ಕಡೆಯಿಂದ ಹೊರಟ ಹಾಗೆ."

"ಅದೇ ಸಿಂಹ, ಆ ರಾಶಿ ಹುಟ್ಟೂದು ಅಲ್ಲೇ," ಎಂದರು ಅಕ್ಕೋರು. ತಲೆ ಎತ್ತಲಿಲ್ಲ. ಬರೆಯುತ್ತಿದ್ದ ಸಾಲಿನ ಮೇಲೆ ಒಂದು ಹನಿ ಬಿದ್ದು ಶಾಯಿ ಕದಡಿತು. ಅದನ್ನು ಸೆರಗಿನಿಂದ ಒತ್ತಿ, "ಹೂಂ, ಮುಂದೆ ಹೇಳಿ," ಎಂದರು.