ಒಳಗಿನ ತೇಪೆ

ಮೂರನೆಯ ತಂತಿಯ ಮೇಲೆ ಒಂದೇ ಒಂದು ಸ್ವರ ನಡುಗುತ್ತಿತ್ತು. ಅದರ ಹಿಂದಿನದು ನೆಟ್ಟಗಿತ್ತು, ಮುಂದಿನದೂ ನೆಟ್ಟಗಿತ್ತು. ನಡುವಿನ ಅದೊಂದು ಮಾತ್ರ, ಕಮಾನು ತಾಕಿದೊಡನೆ, ಅಳು ನುಂಗಿಕೊಂಡು ಮಾತಿಗೆ ಹೊರಟವರ ಗಂಟಲಿನಂತೆ ಒಡೆಯುತ್ತಿತ್ತು. ಡಾಕ್ಟರು ಮತ್ತೆ ಕಮಾನು ಎಳೆದರು, ಮೆಲ್ಲಗೆ. ಮತ್ತೆ ಎಳೆದರು, ಒತ್ತಿ. ಒಡೆಯಿತು. ಬೆಳಗಿನ ಬಿಸಿಲು ಆಗಷ್ಟೇ ಕಿಟಕಿಯ ಸರಳು ದಾಟಿ ಮೇಜಿನ ಮೇಲಿನ ಮರದ ಹೊಟ್ಟನ್ನು ಮುಟ್ಟಿತ್ತು. ಮಧ್ಯಾಹ್ನ ಪಿಟೀಲಿನ ಒಡತಿ ಬರುವವಳಿದ್ದಳು. ಸಂಜೆ ತುಂಬಿದ ಸಭಾಂಗಣದಲ್ಲಿ ಅದನ್ನು ನುಡಿಸುವವಳಿದ್ದಳು.

ಡಾಕ್ಟರೆಂದರೆ ಹಲ್ಲಿನ ಡಾಕ್ಟರು. ದೊಡ್ಡ ಆಸ್ಪತ್ರೆಯೊಂದರ ದಂತವಿಭಾಗದಲ್ಲಿ ಅರ್ಧ ಆಯುಸ್ಸು ಕಳೆದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಜೊತೆಯವರೆಲ್ಲ ನಿವೃತ್ತಿಯ ನೆರಳಿನ ಉದ್ದವನ್ನು ಅಳೆಯತೊಡಗಿದ್ದಾಗ, ಸಂಬಳವಿಲ್ಲದ ಒಂದು ವರ್ಷದ ರಜೆ ಹಾಕಿ ಹಳೆಯ ತಂತಿವಾದ್ಯಗಳನ್ನು ದುರಸ್ತಿ ಮಾಡುವ ಅಂಗಡಿ ತೆರೆದಿದ್ದರು. ಕೈಕೆಲಸ ಹೊಸದಲ್ಲ. ಭಾನುವಾರಗಳನ್ನೆಲ್ಲ ಒಬ್ಬ ಮುಂಗೋಪಿ ಗುರುವಿನ ಕಾಲಬುಡದಲ್ಲಿ ಕಳೆದು ಕಲಿತದ್ದು ಅದು. ಗುರು ಈಗಿಲ್ಲ. ಅಂಗಡಿ ತೆರೆದ ದಿನ ಹೆಂಡತಿಯ ತಮ್ಮ ಬಂದು, ಬಾಗಿಲಲ್ಲೇ ನಿಂತು, "ಬಾವ, ಇಷ್ಟು ವರ್ಷ ನಮ್ಮ ತಲೆ ಮೇಲೆ ಪಿಟೀಲು ಕುಯ್ದಿದ್ದು ಸಾಲ್ದೇನೋ, ಬೋರ್ಡು ಬೇರೆ ಹಾಕಿದೀರಲ್ಲ!" ಎಂದು ನಕ್ಕಿದ್ದ. ಡಾಕ್ಟರೂ ನಕ್ಕಿದ್ದರು. ಆಗ ನಗುವುದು ಸುಲಭವಾಗಿತ್ತು, ವರ್ಷವಿನ್ನೂ ಇಡಿಯಾಗಿತ್ತು.

ಆ ವರ್ಷ ಇವತ್ತಿಗೆ ಮುಗಿಯುತ್ತಿತ್ತು. ವಿಭಾಗದ ಮುಖ್ಯಸ್ಥರು ಹಳೆಯ ಸ್ನೇಹಕ್ಕಾಗಿ ಅವರ ಕುರ್ಚಿಯನ್ನು ಇಲ್ಲಿಯವರೆಗೆ ಖಾಲಿ ಕಾಯ್ದಿಟ್ಟಿದ್ದರು. ಸಂಜೆ ವಿಭಾಗದ ಬಾಗಿಲು ಹಾಕುವುದರೊಳಗೆ ಬರುತ್ತೇನೆಂದರೆ ಕುರ್ಚಿ ಅವರದು, ಇಲ್ಲವಾದರೆ ಇನ್ನೊಬ್ಬರದು. ಏನು ಹೇಳಬೇಕೆಂಬುದನ್ನು ಡಾಕ್ಟರು ತಮ್ಮ ಮೇಲೆ ಹಾಕಿಕೊಂಡಿರಲಿಲ್ಲ. ಅದನ್ನು ಈ ಪಿಟೀಲಿನ ತಲೆಗೆ ಕಟ್ಟಿದ್ದರು. ಬೆಲೆಕಟ್ಟಲಾಗದ ವಾದ್ಯವೊಂದು ಅವರ ಕೈಗೆ ಬಂದದ್ದು ಇದೇ ಮೊದಲು. ಒಡತಿ ನುಡಿಸಿ, ಮುಖ ಅರಳಿಸಿದರೆ ಆಸ್ಪತ್ರೆಗೆ ನಮಸ್ಕಾರ. ಮುಖ ಬಾಡಿದರೆ ನಾಳೆಯಿಂದ ಮತ್ತೆ ಬಿಳಿ ಅಂಗಿ. ಯಾರಿಗೂ ಹೇಳದೆ ತಮ್ಮೊಳಗೇ ಮಾಡಿಕೊಂಡ ಒಪ್ಪಂದ ಅದು.

ಸ್ವರ ಒಡೆಯಿತು, ಮತ್ತೊಮ್ಮೆ.

ಹಲ್ಲಿನ ಹಿಂಭಾಗ ನೋಡಲು ಬಳಸುತ್ತಿದ್ದ ಪುಟ್ಟ ಕನ್ನಡಿಯನ್ನು ಅವರು ಪಿಟೀಲಿನ ಸೀಳುಗಂಡಿಯೊಳಗೆ ಇಳಿಸಿ, ದೀಪ ಹಿಡಿದರು. ಮುಂಭಾಗದ ತೆಳುವಾದ ಹಲಗೆಯ ಒಳಮೈಯಲ್ಲಿ ಅವರದೇ ತೇಪೆ ಕಂಡಿತು. ಅಲ್ಲಿ ಕುಟ್ಟೆ ಹುಳು ಕೊರೆದ ಸಣ್ಣ ಸಣ್ಣ ಸುರಂಗಗಳಿದ್ದವು. ಅವನ್ನು ಕೆರೆದು, ಹೊಸ ಮರದ ತುಂಡು ಕೂರಿಸಿ, ಅಂಚನ್ನು ಉಗುರಿಗೂ ತಾಕದಂತೆ ನಯಮಾಡಿ, ಹಲಗೆ ಮುಚ್ಚಿದ್ದರು. ಎಂಥ ಅಚ್ಚುಕಟ್ಟಾದ ಕೆಲಸ! ಆ ಅಚ್ಚುಕಟ್ಟೇ ಈಗ ಅವರಿಗೆ ತಪ್ಪಾಗಿ ಕಂಡಿತು. ತೇಪೆ ದುಂಡಗಿತ್ತು, ಆಳವಾಗಿತ್ತು, ಹುಳು ತಿಂದ ಜಾಗಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಹುಳುಕು ಹಲ್ಲನ್ನು ಅವರು ಹೀಗೇ ತುಂಬುತ್ತಿದ್ದುದು. ಕೊಳೆತದ್ದನ್ನು ತೆಗೆ, ಕೊಳೆಯಬಹುದೆಂಬ ಅನುಮಾನವಿದ್ದರೆ ಸುತ್ತಲಿನದನ್ನೂ ತೆಗೆ, ಬಿಳಿಯ, ಗಟ್ಟಿಯ ಭಾಗ ಸಿಗುವವರೆಗೂ ಕೈ ನಿಲ್ಲಿಸಬೇಡ, ಆಮೇಲೆ ಕಲ್ಲಿನಂತೆ ತುಂಬು. ಕೈ ಯಾರನ್ನೂ ಕೇಳದೆ ತನಗೆ ಗೊತ್ತಿದ್ದುದನ್ನು ಮಾಡಿಬಿಟ್ಟಿತ್ತು. ಹಲ್ಲು ಅಲುಗಬಾರದು. ಮರ ಅಲುಗಬೇಕು, ಅಲುಗಿದರೇ ನಾದ. ಇಷ್ಟು ಸಣ್ಣ ಮಾತು, ಇಷ್ಟು ತಡವಾಗಿ.

ಬಿಚ್ಚಿ ಸರಿಮಾಡಲು ಹೊತ್ತಿರಲಿಲ್ಲ. ಹಲಗೆ ಎಬ್ಬಿಸಿ, ತೇಪೆಯನ್ನು ಕಾಗದದಷ್ಟು ತೆಳುಮಾಡಿ, ಮತ್ತೆ ಅಂಟು ಹಾಕಿ ಒಣಗಿಸುವುದೆಂದರೆ ವಾರದ ಕೆಲಸ.

ಶಾಲೆಯಲ್ಲಿ ಗಣಿತ ಹೇಳಿಕೊಡುವ ಹೆಂಡತಿ ದಿನದಂತೆ ಊಟದ ಡಬ್ಬಿ ಇಟ್ಟು ಹೋಗಲು ಬಂದಾಗ, ಅವರು ಕನ್ನಡಿ ಹಿಡಿದುಕೊಂಡೇ ಕೂತಿದ್ದರು.

"ಏನ್ರೀ ಇದು, ಅದಕ್ಕೂ ಬಾಯಿ ತೆಗಿ ಅಂತಿದೀರಾ?"

"ಹಾಳು ಮಾಡಿಬಿಟ್ಟೆ ಕಣೇ."

ಅವಳ ಮುಖದಲ್ಲಿದ್ದ ನಗು ಹೋಗಲು ಸ್ವಲ್ಪ ಸಮಯ ಹಿಡಿಯಿತು. ಅವರು ವಿವರಿಸಿದರು. ಅವಳು ಚೀಲ ಕೆಳಗಿಡದೆ ಕೇಳಿದಳು. ಕೇಳಿ ಮುಗಿಸಿ, "ಹೊರಗಿಂದ ಕಾಣುತ್ತಾ?" ಎಂದಳು.

"ಇಲ್ಲ."

"ಅವಳಿಗೆ ಕೇಳುತ್ತಾ?"

"ಆ ಸ್ವರ ಹಿಡಿದರೆ ಕೇಳುತ್ತೆ. ಹಳೇ ಮರ, ಹವಾ ಬದಲಾದರೆ ಹೀಗಾಗುತ್ತೆ ಅಂತ ಹೇಳಬಹುದು. ನಂಬ್ತಾಳೆ. ಒಳಗೆ ಕೈ ಹಾಕಿ ನೋಡೋರ್ಯಾರು?"

"ಮತ್ತೆ ಆಸ್ಪತ್ರೆಗೆ ಏನಂತೀರಿ?"

"ನೀನೇನಂತೀಯಾ?"

"ನಾನಾ?" ಅವಳು ಚೀಲವನ್ನು ಭುಜಕ್ಕೆ ಎಳೆದುಕೊಂಡಳು. "ನಾನು ಒಂದಕ್ಷರ ಹೇಳಲ್ಲ. ಹೋಗಿ ಅಂದ್ರೆ, ಸಾಯೋವರೆಗೂ 'ನೀನೇ ಕಳಿಸಿದ್ದು' ಅಂತೀರಿ. ಬೇಡ ಅಂದ್ರೆ, 'ನೀನೇ ತಡೆದಿದ್ದು' ಅಂತೀರಿ. ಒಂದು ವರ್ಷದಿಂದ ಎರಡು ದೋಣೀಲಿ ಒಂದೊಂದು ಕಾಲಿಟ್ಕೊಂಡು ನಿಂತಿದೀರಿ, ದಡದಲ್ಲಿ ನಿಂತೋಳಿಗೆ ಉಸಿರಾಡಕ್ಕೆ ಆಗ್ತಿಲ್ಲ. ಮುಳುಗಿದ್ರೂ ಪರವಾಗಿಲ್ಲ, ಯಾವುದಾದ್ರೂ ಒಂದು ದೋಣಿ ಹತ್ತಿ ಮಾರಾಯ್ರೇ!"

ಅವಳ ದನಿ ಏರಿದ್ದು ಅವಳಿಗೇ ಇರುಸುಮುರುಸಾಯಿತೇನೋ. "ಡಬ್ಬಿ ಆರೋದ್ರೊಳಗೆ ಊಟ ಮಾಡಿ" ಎಂದು ಹೊರಟುಹೋದಳು. ಡಬ್ಬಿ ಆರಿತು.

ಮುಖ್ಯಸ್ಥರ ಫೋನು ಬಂದದ್ದು ನೆತ್ತಿಯ ಮೇಲೆ ಬಿಸಿಲು ಇರುವಾಗ.

"ಏನಯ್ಯಾ, ಬದುಕಿದೀಯಾ? ನಿನ್ನ ಕುರ್ಚಿ ಮೇಲೆ ಕೂತು ಕೂತು ಧೂಳೇ ಡಾಕ್ಟರಾಗಿಬಿಡ್ತು ಕಣೋ. ಹೂಂ ಅನ್ನು, ಮುಗೀತು."

"ಸಂಜೆ ಹೇಳ್ತೀನಿ ಸಾರ್."

"ಸಂಜೆ ಯಾಕೆ? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿನಗೆ ಎರಡೂ ಇದೆ, ಅಗಿಯಕ್ಕೇನು ದಾಡಿ?" ಆಮೇಲೆ ಹಾಸ್ಯ ಬಿಟ್ಟು, ದನಿ ತಗ್ಗಿಸಿ, "ನೋಡು, ನಿನ್ನ ಕೈ ಅಂಥ ಕೈ ನಮ್ಮಲ್ಲಿ ಇನ್ನೊಂದಿಲ್ಲ. ಅದನ್ನ ಯಾಕೆ ಹಾಳು ಮಾಡ್ಕೋತೀಯಾ?" ಎಂದರು.

ಡಾಕ್ಟರು ತಮ್ಮ ಕೈಯನ್ನು ನೋಡಿಕೊಂಡರು. ಹೌದು, ಅಂಥ ಕೈ. ಎಷ್ಟೊಂದು ಬಾಯಿಗಳ ಕತ್ತಲೆಯಲ್ಲಿ ದಾರಿ ತಪ್ಪದೆ ನಡೆದ ಕೈ. ಅಲ್ಲಿ ಅದು ತಪ್ಪುತ್ತಿರಲಿಲ್ಲ. ಅಲ್ಲಿಗೆ ಮರಳಿದರೆ ನಾಳೆಯೂ ತಪ್ಪುವುದಿಲ್ಲ. ತಪ್ಪದ ಕೈಯೊಂದು ತಮ್ಮನ್ನು ಇಷ್ಟು ವರ್ಷ ಸಾಕಿತ್ತೆಂದೂ, ಸಾಕುತ್ತಲೇ ಎಲ್ಲೋ ಒಂದು ಕಡೆ ಮರಗಟ್ಟಿಸಿತ್ತೆಂದೂ ಅವರಿಗೆ ಒಟ್ಟಿಗೇ ಅನ್ನಿಸಿತು. ಫೋನು ಇಟ್ಟು ಮತ್ತೆ ಕನ್ನಡಿ ಎತ್ತಿಕೊಂಡರು.

ಪಿಟೀಲಿನವಳು ಹೇಳಿದ್ದಕ್ಕಿಂತ ಮೊದಲೇ ಬಂದಳು. ಮೂವತ್ತರ ಆಸುಪಾಸಿನ, ನಡಿಗೆಯಲ್ಲೇ ಅವಸರವಿದ್ದ ಹೆಣ್ಣು. ಆ ವಾದ್ಯ ಅವಳ ದೊಡ್ಡಪ್ಪನದು. ಆತ ಸಾಯುವ ಮುನ್ನ ಮಕ್ಕಳನ್ನು ಬಿಟ್ಟು ಇವಳ ಕೈಗೆ ಕೊಟ್ಟಿದ್ದ.

"ಡಾಕ್ಟ್ರೇ, ನನ್ನ ರೋಗಿ ಹೇಗಿದಾರೆ? ಎದ್ದು ಕೂತ್ರಾ?" ಎನ್ನುತ್ತಲೇ ಪಿಟೀಲನ್ನು ಎತ್ತಿ ಭುಜಕ್ಕಿಟ್ಟುಕೊಂಡಳು. ತಂತಿ ಬಿಗಿದಳು. ಕಣ್ಣು ಮುಚ್ಚಿದಳು.

ಮೊದಲ ಎಳೆತ ಸೊಗಸಾಗಿ ಬಂತು. ಎರಡನೆಯದೂ. ಅವಳ ಹುಬ್ಬು ಸಡಿಲವಾಯಿತು. ತುಟಿಯ ಕೊನೆಯಲ್ಲಿ, ಹೌದು, ಮುಖ ಅರಳತೊಡಗಿತ್ತು. ಡಾಕ್ಟರು ಮೇಜಿನ ಅಂಚನ್ನು ಹಿಡಿದು ನಿಂತರು. ಅವಳ ಬೆರಳು ಆ ಸ್ವರದ ಸುತ್ತಮುತ್ತಲೇ ಸುಳಿದಾಡಿತು, ಹತ್ತಿರ ಬಂದು ದಾಟಿತು, ಮತ್ತೆ ಹತ್ತಿರ ಬಂದು ತಿರುಗಿತು. ಹೀಗೇ ನಿಲ್ಲಿಸಿಬಿಟ್ಟರೆ? ಇಷ್ಟಕ್ಕೇ ಪೆಟ್ಟಿಗೆ ಮುಚ್ಚಿ ಹೊರಟುಬಿಟ್ಟರೆ? ಒಪ್ಪಂದದ ಪ್ರಕಾರ ತಾವು ಗೆದ್ದಂತೆಯೇ. ಆದರೆ ಆ ಗೆಲುವು ಸಭಾಂಗಣದಲ್ಲಿ, ನೂರಾರು ಕಿವಿಗಳ ಎದುರು, ಅವಳ ಗಂಟಲನ್ನು ಹಿಡಿಯುತ್ತದೆ.

"ನಿಲ್ಲಿಸಮ್ಮ" ಎಂದರು ಡಾಕ್ಟರು. ಅವರಿಗೇ ತಮ್ಮ ದನಿ ಪರಕೀಯವಾಗಿ ಕೇಳಿತು. "ಮೂರನೇ ತಂತೀಲಿ ಒಂದು ಸ್ವರ ಒಡೆಯುತ್ತೆ. ಮೇಲೆ, ಇಲ್ಲಿ."

ಅವಳು ಹಿಡಿದಳು. ಒಡೆಯಿತು. ಮತ್ತೆ ಹಿಡಿದಳು.

"ಇದು ಮೊದಲಿರಲಿಲ್ಲ."

"ಇರಲಿಲ್ಲ. ನಾನು ಮಾಡಿದ್ದು. ಹುಳು ತಿಂದಿದ್ದಕ್ಕಿಂತ ಜಾಸ್ತಿ ನಾನು ತಿಂದೆ. ಒಳಗೆ ತೇಪೆ ದಪ್ಪ ಆಗಿದೆ."

ಅವಳು ಆ ಸ್ವರವನ್ನೇ ಮತ್ತೆ ಮತ್ತೆ ನುಡಿಸಿದಳು, ನೋಯುವ ಜಾಗವನ್ನೇ ನಾಲಿಗೆ ಹುಡುಕಿಕೊಂಡು ಹೋಗುವಂತೆ. ಆಮೇಲೆ ಕಮಾನು ಕೆಳಗಿಳಿಸಿದಳು.

"ನಮ್ಮ ದೊಡ್ಡಪ್ಪ ಇದನ್ನ ಬಿಸಿಲಿಗೆ ಕೂಡ ತೋರಿಸ್ತಿರಲಿಲ್ಲ, ಗೊತ್ತಾ? ಎಲ್ಲರೂ ಅಂದ್ರು, ಅವರು ಹಲ್ಲಿನ ಡಾಕ್ಟ್ರು, ಅವರ ಹತ್ರ ಯಾಕೆ ಕೊಡ್ತೀಯಾ ಅಂತ. ಹಲ್ಲು ಕಿತ್ತೋರಿಗೆ ಪಿಟೀಲು ಯಾವ ಲೆಕ್ಕ ಅಂತ ನಾನೇ ತಮಾಷೆ ಮಾಡಿ ಕೊಟ್ಟೆ!" ಅವಳ ಕಣ್ಣು ತುಂಬಿತ್ತು, ಅದು ದುಃಖದ್ದೋ ಸಿಟ್ಟಿನದೋ ತಿಳಿಯುವಂತಿರಲಿಲ್ಲ. "ಸಂಜೆ ಏನು ಮಾಡ್ಲಿ ನಾನು? ಹೇಳಿ."

"ಅದೇ ಸ್ವರಾನ ನಾಲ್ಕನೇ ತಂತೀಲಿ ಮೇಲೆ ಹಿಡಿದರೆ ಅಷ್ಟು ನಡುಗಲ್ಲ. ಬೆಳಗ್ಗಿಂದ ನೋಡಿದೀನಿ."

"ನೋಡಿದಾರಂತೆ!" ಎಂದಳು. ಆದರೂ ಹಿಡಿದು ನೋಡಿದಳು. ಸ್ವರ ಬಂತು, ತುಸು ಮಬ್ಬಾಗಿ, ಕಂಬಳಿ ಹೊದ್ದಂತೆ. ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕುತ್ತ, ತಲೆಯೆತ್ತದೆ ಕೇಳಿದಳು: "ಬಿಚ್ಚಿ ಸರಿ ಮಾಡಕ್ಕಾಗುತ್ತಾ?"

"ಆಗಬಹುದು. ತೆಗೆದ ಮರ ವಾಪಸ್ಸು ಬರಲ್ಲ. ಹಾಕಿದ್ದನ್ನ ತೆಳು ಮಾಡಬಹುದು."

"ತರ್ತೀನೋ ಇಲ್ವೋ ಗೊತ್ತಿಲ್ಲ. ಬೇರೆ ಯಾರಿಗಾದ್ರೂ ಕೊಡ್ತೀನೇನೋ. ತಂದ್ರೆ ನೀವಿರ್ತೀರಾ ಇಲ್ಲಿ? ಆಸ್ಪತ್ರೆಗೆ ವಾಪಸ್ ಹೋಗ್ತೀರಂತೆ ಅಂತ ಕೇಳಿದೆ."

ಬೀದಿಯಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಡಾಕ್ಟರು ಮೇಜಿನ ಮೇಲಿನ ಮರದ ಹೊಟ್ಟನ್ನು ಅಂಗೈಯಿಂದ ಒಂದು ಕಡೆ ಒತ್ತರಿಸಿದರು. ಒಪ್ಪಂದ ನೆನಪಾಯಿತು. ಮುಖ ಬಾಡಿದೆ, ಹಾಗಾದರೆ ಬಿಳಿ ಅಂಗಿ. ಎಷ್ಟು ಸರಳ. ಆದರೆ ತೇಪೆಯನ್ನು ಹಾಕಿದವನು ಕುರ್ಚಿಗೆ ಮರಳಿ, ತೇಪೆ ಮಾತ್ರ ಆ ಮರದೊಳಗೆ ಉಳಿದು, ಪ್ರತಿ ಬಾರಿ ಬೆರಳು ತಾಕಿದಾಗಲೂ ಒಡೆಯುತ್ತಿರುವುದನ್ನು ಅವರ ಮನಸ್ಸು ಒಪ್ಪಲಿಲ್ಲ.

"ಇರ್ತೀನಿ" ಎಂದರು.

ಅವಳು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು.

ಅವರು ಕೂರಲಿಲ್ಲ. ಕೂತರೆ ಏಳುವುದಿಲ್ಲವೆಂದು ಗೊತ್ತಿತ್ತು. ನಿಂತುಕೊಂಡೇ ಫೋನು ಮಾಡಿದರು.

"ಬರಲ್ಲ ಸಾರ್."

ಅತ್ತ ಕಡೆ, ಆಸ್ಪತ್ರೆಯ ಪಡಸಾಲೆಯಲ್ಲಿ ಯಾರದೋ ಹೆಸರು ಕೂಗುತ್ತಿರುವುದು ಕೇಳಿಸಿತು.

"ಕೆಲಸ ಚೆನ್ನಾಗಿ ನಡೀತಿದೆ ಅನ್ನು."

"ಇಲ್ಲ ಸಾರ್. ಇವತ್ತೇ ಒಂದು ಕೆಡಿಸಿದೆ."

"ತಲೆ ಸರಿ ಇದೆಯೇನಯ್ಯಾ ನಿನಗೆ? ಮತ್ತೆ ಬಂದು ಬಾಗಿಲು ತಟ್ಟಿದರೆ ನಾನು ತೆಗಿಯಕ್ಕಾಗಲ್ಲ. ಅರ್ಥ ಆಯ್ತಾ?"

"ಆಯ್ತು ಸಾರ್."

ಫೋನು ಇಟ್ಟರು. ಬಿಡುಗಡೆಯೆಂದರೆ ಹಗುರವಾಗಿರುತ್ತದೆಂದು ಓದಿದ್ದರು. ಇದು ಬಾವಿಯ ಗೋಡೆಯಿಂದ ಕೈ ಜಾರಿದಂತಿತ್ತು. ಶಾಲೆ ಬಿಟ್ಟು ನೇರ ಬಂದ ಹೆಂಡತಿ ಅವರ ಬಾಯಿಂದ ಎಲ್ಲವನ್ನೂ ಕೇಳಿ, ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದಳು.

"ಒಂದೇ ದಿನ ಎರಡೂನಾ? ಕೆಟ್ಟ ಕೆಲಸ ಮಾಡಿದ ದಿನಾನೇ ಒಳ್ಳೇ ಕೆಲಸ ಬಿಟ್ಟೋರನ್ನ ನಾನೆಲ್ಲೂ ಕಂಡಿಲ್ಲ!" ಅವಳು ನಕ್ಕಳೋ ಅತ್ತಳೋ, ಸೆರಗು ಮುಖಕ್ಕೆ ಅಡ್ಡವಾಗಿತ್ತು. ಸೆರಗು ತೆಗೆದಾಗ ಮುಖ ಒಣಗಿತ್ತು. "ನನಗೆ ಭಯ ಆಗ್ತಿದೆ ರೀ."

"ನನಗೂ."

"ಸರಿ, ಏಳಿ. ಆ ಹುಡುಗಿ ಒಬ್ಬಳೇ ಅನುಭವಿಸೋದು ಬೇಡ. ಹೋಗಿ ಕೇಳಿಸ್ಕೊಳ್ಳೋಣ."

ಸಭಾಂಗಣದ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ದೀಪ ಆರಿತು. ವೇದಿಕೆಯ ಮೇಲೆ ಅವಳು ಒಬ್ಬಳೇ, ಭುಜದ ಮೇಲೆ ಆ ಹಳೆಯ ಮರ. ಡಾಕ್ಟರು ಸಂಗೀತ ಕೇಳಲಿಲ್ಲ, ಅವರು ಕಾದರು. ಸ್ವರಗಳ ಮೆಟ್ಟಿಲೇರುತ್ತ ಅವಳು ಅದರ ಹತ್ತಿರ ಬಂದಾಗಲೆಲ್ಲ ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದರು. ಪ್ರತಿಸಲ ಅವಳ ಬೆರಳು ಪಕ್ಕದ ತಂತಿಗೆ ಜಾರಿ, ಕಂಬಳಿ ಹೊದ್ದ ಆ ಮಬ್ಬು ಸ್ವರವನ್ನು ಹೊರಗೆಳೆದು, ಮುಂದೆ ನಡೆಯಿತು. ಮುಂದಿನ ಸಾಲಿನವರು ತಲೆದೂಗುತ್ತಿದ್ದರು.

ಕೊನೆಯ ರಚನೆಯ ನಡುವೆ ಅವಳು ಜಾರಲಿಲ್ಲ. ಮೂರನೆಯ ತಂತಿಯ ಮೇಲೆಯೇ ಬೆರಳೂರಿ, ಕಮಾನನ್ನು ಉದ್ದಕ್ಕೆ ಎಳೆದಳು. ಸ್ವರ ಒಡೆಯಿತು. ಅವಳು ಬಿಡಲಿಲ್ಲ, ಒಡೆದದ್ದನ್ನು ಒಡೆದಂತೆಯೇ ಹಿಡಿದು, ಕೊನೆಯವರೆಗೂ ಒಯ್ದಳು. ಸಭೆಯಲ್ಲಿ ಯಾರೋ ಕೆಮ್ಮುವುದನ್ನು ಅರ್ಧಕ್ಕೇ ನಿಲ್ಲಿಸಿದರು.

ಹೆಂಡತಿಯ ಬೆರಳುಗಳು ಕತ್ತಲಲ್ಲಿ ಅವರ ಮಣಿಕಟ್ಟನ್ನು ಹಿಡಿದವು.

"ಇದೇನಾ?"

"ಇದೇ."

"ನನಗೆ ಚೆನ್ನಾಗೇ ಕೇಳಿಸ್ತಲ್ರೀ."

"ಇಲ್ಲ" ಎಂದರು ಡಾಕ್ಟರು. "ಚೆನ್ನಾಗಿಲ್ಲ." ಹೇಳುತ್ತಿರುವಂತೆಯೇ ಅವರ ಮನಸ್ಸು ಆ ಹಲಗೆಯನ್ನು ಮೆಲ್ಲಗೆ ಎಬ್ಬಿಸುತ್ತಿತ್ತು, ತೇಪೆಯ ಯಾವ ಅಂಚಿನಿಂದ ಕೆರೆಯುವುದು, ಎಲ್ಲಿ ಕೈ ನಿಲ್ಲಿಸುವುದು ಎಂದು ತಡಕಾಡುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಚಪ್ಪಾಳೆ ಶುರುವಾಯಿತು. ವೇದಿಕೆಯ ಮೇಲಿನವಳು ತಲೆಬಾಗಿ, ಎದ್ದು, ಕತ್ತಲೆಯ ಕೊನೆಯ ಸಾಲುಗಳ ಕಡೆ ಒಮ್ಮೆ ನೋಡಿದಳು. ಅವಳಿಗೆ ಯಾರಾದರೂ ಕಂಡರೋ ಇಲ್ಲವೋ ಹೇಳುವಂತಿರಲಿಲ್ಲ.