ಹಾಡಿನಲ್ಲಿ ಸತ್ತ ಅಪ್ಪ

ಕರೂರಿನ ಹಂಪಮ್ಮತ್ತೆ ಆಟೋ ಇಳಿಯುವಾಗಲೇ ಅಳುತ್ತಿದ್ದಳು. "ನನ್ನ ತಮ್ಮಾ, ನನ್ನ ಬಿಟ್ಟು ಹ್ಯಾಂಗ ಹೋದ್ಯೋ" ಎಂದು ಓಣಿಗೆಲ್ಲ ಕೇಳುವಂತೆ ಎದೆ ಬಡಿದುಕೊಳ್ಳುತ್ತ ಬಂದವಳು, ಬಾಗಿಲಲ್ಲಿ ಕೆನ್ನೆಗೆ ಸೋಪು ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದ ಅಪ್ಪನನ್ನು ನೋಡಿ ಮೆಟ್ಟಿಲ ಮೇಲೆ ಕುಸಿದಳು.

"ಯಾಕಕ್ಕಾ? ಯಾರು ಹೋದ್ರು?" ಎಂದ ಅಪ್ಪ.

"ನೀನೇ ಹೋಗಿಯಂತಲ್ಲೋ ಮೂಳಾ! ಮೊಮ್ಮಗ ಮೊಬೈಲಿನ್ಯಾಗ ತೋರಿಸ್ದ. ಸಿರುಗುಪ್ಪದಾಗ ಬಸ್ ಹತ್ತಿದಾಗಿಂದ ಅತ್ಕೊಂತನ ಬಂದೀನಿ."

ನಾನು ನನ್ನ ಮೊಬೈಲ್ ತೆಗೆದು ನೋಡಿದೆ. ತಮ್ಮ ದುರ್ಗೇಶನ ಹೊಸ ರ್‍ಯಾಪ್ ಹಾಡು. ಮೂರು ವರ್ಷದಿಂದ ಅವನು ಹಾಡು ಕಟ್ಟುತ್ತಿದ್ದಾನೆ. ಹಾಡಿನಲ್ಲಿ ಅವನು ದುರ್ಗೇಶ ಅಲ್ಲ, 'ಕೆಂಧೂಳ್'. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೊರಳಲ್ಲಿ ನಾಯಿಗೆ ಕಟ್ಟುವಷ್ಟು ದಪ್ಪನೆಯ ಸರ. ಕುರುಗೋಡಿನ ಬಂಡೆಗಳ ಕೆಳಗೆ ನಿಂತು, ಅದಿರಿನ ಗಣಿ ನನ್ನ ಅಪ್ಪನನ್ನು ನುಂಗಿತು, ಕೆಂಪು ಮಣ್ಣೇ ನನ್ನನ್ನು ಸಾಕಿತು ಎಂದು ಕೈ ಬೀಸಿ ಹಾಡುತ್ತಿದ್ದ. ಕೊನೆಗೆ ಒಂದು ಗೋಡೆ. ಗೋಡೆಯ ಮೇಲೆ ಅಪ್ಪನ ಫೋಟೋ. ಗಾಜಿನ ಮೇಲೆ ಕುಂಕುಮದ ಬೊಟ್ಟು, ಚೆಂಡುಹೂವಿನ ಹಾರ, ಮುಂದೆ ದೀಪ.

ನನ್ನ ಡಿಗ್ರಿ ಮುಗಿದ ದಿನ ಅಪ್ಪನ ಜೊತೆ ನಿಂತು ತೆಗೆಸಿಕೊಂಡ ಫೋಟೋ ಅದು. ನನ್ನನ್ನು ಕತ್ತರಿಸಿ ತೆಗೆದಿದ್ದ. ಅಪ್ಪನ ಭುಜದ ಮೇಲೆ ನನ್ನ ಬೆರಳುಗಳಷ್ಟೇ ಉಳಿದಿದ್ದವು.

ಬದುಕಿರುವವರ ಫೋಟೋಗೆ ನಮ್ಮ ಕಡೆ ತಮಾಷೆಗೂ ಯಾರೂ ಹಾರ ಹಾಕುವುದಿಲ್ಲ. ಅವ್ವ ನನ್ನ ಹೆಗಲ ಮೇಲಿಂದ ಅದನ್ನು ನೋಡಿದಳು. ಒಳಗೆ ಹೋಗಿ, ದೇವರ ಮುಂದೆ ನಿಂತು ತಾಳಿಯನ್ನು ಕಣ್ಣಿಗೆ ಒತ್ತಿಕೊಂಡಳು.

ಅತ್ತೆ ಅಷ್ಟರಲ್ಲಿ ಮೂಗು ಒರೆಸಿಕೊಂಡು ಅಪ್ಪನನ್ನೇ ದಿಟ್ಟಿಸಿ, "ಲೇ ಸುಂಕಾ, ಕಾಗಿ ಏನರ ಬಡೀತೇನೋ ತಲಿಗೆ?" ಎಂದಳು.

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಅಂತ. ಅದು ಕಳೆಯಬೇಕಾದರೆ, ಆ ಮನುಷ್ಯ ಸತ್ತನೆಂದು ಬಂಧುಗಳಿಗೆ ಸುಳ್ಳುಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅತ್ತರೆ ದೋಷ ಹರಿಯಿತು.

ಅಪ್ಪ ಬ್ಲೇಡನ್ನು ನೀರಿಗೆ ಅದ್ದಿ ಹೇಳಿದ: "ಹೂಂ ಅಕ್ಕಾ. ಲಾರಿ ತೊಳ್ಯಾಕ ನಿಂತಾಗ ಕುಂತಿತ್ತು. ಹುಡುಗಗ ನಾನೇ ಹೇಳಿದ್ದೆ."

ನಾನು ಬೆಚ್ಚಿದೆ. ಚೆಕ್‌ಪೋಸ್ಟಿನಲ್ಲೂ ಸುಳ್ಳು ಹೇಳಲು ಬಾರದೆ ಬೈಸಿಕೊಂಡು ಬರುವ ಲಾರಿ ಡ್ರೈವರ್ ನಮ್ಮಪ್ಪ. ಅತ್ತೆಯ ಮುಖ ಅರಳಿತು. "ಹಂಗಂದ್ರ ನನ್ನ ಅಳು ನಿನಗ ಆಯುಷ್ಯ ಆತು ಬಿಡು. ಒಂದು ಫೋನ್ ಮಾಡಿದ್ರ ಇನ್ನೂ ಜೋರಾಗಿ ಅಳ್ತಿದ್ದೆ" ಎಂದು ನಗುತ್ತ ಎರಡು ರೊಟ್ಟಿ ತಿಂದು ಮಧ್ಯಾಹ್ನದ ಬಸ್ಸಿಗೆ ಹೋದಳು.

ಸಂಜೆ ದುರ್ಗೇಶ ಬಂದ. ನಾವು ಕೇಳುವ ಮೊದಲೇ ಶುರು ಮಾಡಿದ: "ಬೆಂಗಳೂರಿನ ಚಾನೆಲ್‌ನವರು ನಾಳಿ ಬರ್ತಾರ. ನನ್ನ ಕಥಿ ತಗೀತಾರ. ಅದು ನೋಡಿ ಹಾಡಿನ ಕಂಪನಿಯವರು ಆಲ್ಬಂ ಕೊಡ್ತಾರಂತ. ಮನಿ ತೋರಿಸಬೇಕು, ಅವ್ವನ್ನ ತೋರಿಸಬೇಕು."

"ಅಪ್ಪ?" ಎಂದೆ.

"ಅಪ್ಪ ಇಲ್ಲಂತನ ಅವರು ಬರ್ತಿರೋದು ಅಕ್ಕಾ! ಹಿಪ್‌ಹಾಪ್‌ನ್ಯಾಗ ಎಲ್ಲಾರಿಗೂ ಒಂದು ಗಾಯ ಬೇಕು. ನಮ್ಮಪ್ಪ ಭತ್ತದ ಲೋಡ್ ಇಳಿಸಿ ಮನಿಗೆ ಬಂದು ಮಜ್ಜಿಗಿ ಕುಡಿದು ಮಲಗ್ತಾನ ಅಂತ ರ್‍ಯಾಪ್ ಮಾಡ್ಲೇನು?"

ಅಪ್ಪ ನಕ್ಕುಬಿಟ್ಟ. ಆಗ ದುರ್ಗೇಶ ಅವ್ವನ ಕಡೆ ತಿರುಗಿ, ಮೆಲ್ಲಗೆ, ಮುದ್ದಾಗಿ ಕೇಳಿದ: "ಅವ್ವಾ, ಅವರು ಇರೋ ಮಟ ಕುಂಕುಮ ಒರಿಸ್ಕೊಂಬಿಡವ್ವ. ಬಳಿನೂ ತೆಗಿ. ಆಮೇಲೆ ಹಾಕ್ಕೊಳ್ಳುವಂತಿ."

ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬಳೆ ಮಾರುವವನ ಹತ್ತಿರ ಗಾತ್ರ ಬದಲಿಸುವಾಗಲೂ ಒಂದು ಬಳೆಯನ್ನು ಕೈಯಲ್ಲಿ ಉಳಿಸಿಕೊಳ್ಳುವವಳು ಅವಳು.

"ಲೇ, ಆಕಿನ್ನ ಕೇಳಬ್ಯಾಡ" ಎಂದ ಅಪ್ಪ. ದನಿ ಏರಿಸಲಿಲ್ಲ. "ಬೇಕಾದ್ರ ನಾನು ದೊಡ್ಡಪ್ಪ ಆಕ್ಕೀನಿ. ಸತ್ತಾವ ನನ್ನ ತಮ್ಮ, ನೋಡಾಕ ನನ್ನಂಗ ಇದ್ದ ಅಂತ ಹೇಳ್ತೀನಿ. ನಡೀತತೇನು?"

ದುರ್ಗೇಶ ಯೋಚಿಸಿದ. ನಿಜವಾಗಿಯೂ ಕೂತು ಯೋಚಿಸಿದ. "ನಡೀತತಿ" ಎಂದ.

ಮರುದಿನ ಶೇಖರ್ ಎಂಬಾತ ಕ್ಯಾಮರಾದವನನ್ನು ಕರೆದುಕೊಂಡು ಬಂದ. ಯಾರೇ ಬಂದರೂ ಅಡುಗೆಮನೆ ಸೇರುವುದು ನನ್ನ ರೂಢಿ. ಅಲ್ಲಿಂದಲೇ ಬಾಗಿಲ ಸಂದಿನಲ್ಲಿ ನೋಡುತ್ತಿದ್ದೆ. ಅಪ್ಪ ಇಸ್ತ್ರಿ ಅಂಗಿ ಹಾಕಿ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನಿಮ್ಮ ತಮ್ಮ ಎಂಥ ಮನುಷ್ಯ, ಸರ್?" ಶೇಖರ್ ಕೇಳಿದ.

"ಇದ್ದ್ರಿ, ಇದ್ದ. ಭಾಳ ಮಾತಾಡ್ತಿದ್ದಿಲ್ಲ." ಅಪ್ಪ ಅಂಗೈ ಉಜ್ಜಿಕೊಂಡ. "ಮಗ ಹಾಡ್ತಾನ ಅಂತ ಕ್ಲೀನರ್ ಮುಂದ, ಹಮಾಲರ ಮುಂದ ಹೇಳ್ಕೊಂತ ತಿರುಗ್ತಿದ್ದ. ಮಗನ ಮುಂದ ಮಾತ್ರ ಹೇಳ್ಲಿಲ್ಲ. ಲೋಡ್ ಇಳಿಸಿ ಬಂದಾಗ ಒಳಗ ಹುಡುಗ ಹಾಡ್ತಿದ್ರ, ಅದು ಮುಗಿಯೋ ಮಟ ಲಾರಿಯಾಗ ಕುಂತಿರ್ತಿದ್ದ. ಒಳಗ ಹೋದ್ರ ನಿಲ್ಲಿಸಿಬಿಡ್ತಾನಂತ."

ಅಪ್ಪ ಮನೆ ಮುಂದೆ ಲಾರಿಯಲ್ಲೇ ಯಾಕೆ ಅಷ್ಟು ಹೊತ್ತು ಕೂರುತ್ತಾನೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಈಗ ಸತ್ತವನ ಹೆಸರಿನಲ್ಲಿ ಹೇಳುತ್ತಿದ್ದ.

"ಹೇಗೆ ತೀರಿಕೊಂಡ್ರು?"

"ಅದು ಹಾಡಿನ್ಯಾಗ ಐತಲ್ರಿ" ಎಂದ ಅಪ್ಪ.

ದುರ್ಗೇಶ ತಲೆ ತಗ್ಗಿಸಿದ್ದ. ಈಗ ಹೇಳುತ್ತಾನೆ, ಈಗ ಆ ಕನ್ನಡಕ ತೆಗೆದು ಹೇಳುತ್ತಾನೆ ಎಂದು ನಾನು ಕಾದೆ. ಆ ಹೊತ್ತಿಗೆ ಅವ್ವ ಚಹಾ ತಟ್ಟೆ ಹಿಡಿದು ಹೊರಗೆ ಹೋದಳು. ಹಣೆಯ ಮೇಲೆ ಎಂದಿಗಿಂತ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ.

"ತಾಯಿ ಇವರೇನಾ?" ಶೇಖರ್ ಅವಳ ಹಣೆ ನೋಡುತ್ತ ಅನುಮಾನದಲ್ಲಿ ಕೇಳಿದ.

"ಅಲ್ಲ ಬ್ರೋ, ದೊಡ್ಡಮ್ಮ."

"ಮತ್ತೆ ತಾಯಿ?"

"ಆಕಿನೂ ಇಲ್ಲ."

ಅಷ್ಟು ಸಲೀಸಾಗಿ! ಅವ್ವ ತಟ್ಟೆ ಹಿಡಿದು ನಿಂತೇ ಇದ್ದಳು. ನಾನು ಯಾವಾಗ ಹೊರಗೆ ಬಂದೆನೋ ತಿಳಿಯದು. ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳುತ್ತಿದ್ದೆ. ಕ್ಯಾಮರಾ ನನ್ನ ಕಡೆ ತಿರುಗಿತು.

"ನೀವು, ಮೇಡಂ?"

"ನಾನು ಇವರ ಮಗಳು" ಎಂದೆ, ಅಪ್ಪ-ಅವ್ವನ ಕಡೆ ತೋರಿಸಿ. "ಇವನು ನಮ್ಮ ಚಿಕ್ಕಪ್ಪನ ಮಗ. ಪಾಪ, ಅವಗ ಯಾರೂ ಇಲ್ರಿ."

ಆ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅಪ್ಪ "ಹೇಮಾ" ಎಂದ. ದುರ್ಗೇಶನ ತುಟಿ ಅದುರಿತು. ಮಾತು ತಾಗಿತ್ತು.

ಕ್ಯಾಮರಾದವನು ಕಿವಿಯಿಂದ ಹೆಡ್‌ಫೋನ್ ಸರಿಸಿದ. "ಸಾರಿ, ಲಾರಿ ಹಾರ್ನ್ ಬಂತು. ಇನ್ನೊಂದ್ಸಲ ಹೇಳ್ತೀರಾ?"

ನಾನು ದುರ್ಗೇಶನನ್ನು ನೋಡಿದೆ. ಬ್ಯಾಡ ಎಂದರೆ ಸಾಕಿತ್ತು. ಅವನು ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡ. ಟೋಪಿ ಸರಿಮಾಡಿಕೊಂಡ.

"ಹೇಳಕ್ಕಾ" ಎಂದ. "ಚಲೋ ಬಂದಿತ್ತು."

ಅವನನ್ನು ನೋಯಿಸಲೆಂದು ಆಡಿದ ಮಾತು ಅವನಿಗೆ ಬೇಕಾಗಿತ್ತು. ಎಲ್ಲರೂ ಕಾಯುತ್ತಿದ್ದರು.

ಹೇಳಿದ್ದು ಅವ್ವ. ಕ್ಯಾಮರಾ ಕಡೆ ನೋಡಲೇ ಇಲ್ಲ, ಮಗನನ್ನೇ ನೋಡುತ್ತ ಹೇಳಿದಳು.

"ಹೌದ್ರೀ. ಅವಗ ಯಾರೂ ಇಲ್ಲ."

ರಸ್ತೆಯಲ್ಲಿ ಒಂದು ಗಾಡಿಯ ಸದ್ದೂ ಇರಲಿಲ್ಲ. "ಸೂಪರ್, ಕ್ಲಿಯರ್ ಬಂತು" ಎಂದ ಕ್ಯಾಮರಾದವನು. ಶೇಖರ್ ಮುಂದಿನ ಪ್ರಶ್ನೆ ಕೇಳಿದ, ಮತ್ತೊಮ್ಮೆ ಕೇಳಿದ. ದುರ್ಗೇಶನಿಗೆ ಅದು ಕೇಳಿಸಲಿಲ್ಲ. ಅವ್ವ ಹೋದ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದ.