ಹದಿನೈದನೆಯವಳು

ಬುಕ್ಕಾಂಬುಧಿ ಕೆರೆಯ ಹಿಂಬದಿಯ ಹಳ್ಳಿಗಳಲ್ಲಿ ಯಾರು ಎತ್ತು ಕೊಳ್ಳುವುದಿದ್ದರೂ ಮೊದಲು ದೊಡ್ಡಬೀರಪ್ಪನ ಮನೆ ಬಾಗಿಲಿಗೆ ಬಂದು ಹೋಗುವುದು ವಾಡಿಕೆ. ಉಳುವುದಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕೊಳ್ಳುವವರೇ ಕಡಿಮೆಯಾದರು. ಆದರೂ ವರ್ಷಕ್ಕೆ ನಾಲ್ಕು ಸಲ ಯಾರಾದರೊಬ್ಬರು ಜಗಲಿಯ ಮೇಲೆ ಕೂತು, "ಬೀರಪ್ಪಣ್ಣ, ಒಂದ್ ಕಣ್ ಹಾಕ್ಕೊಡು" ಅನ್ನುತ್ತಾರೆ. ಅವನದೊಂದು ಪದ್ಧತಿ. ಮಾರುವವನಿಗೆ ಹೇಳಿ ಹೋಗುವವನಲ್ಲ. ಹೇಳಿ ಹೋದರೆ ಎತ್ತು ಮೈ ತೊಳೆಸಿಕೊಂಡು, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು ನಿಂತಿರುತ್ತದೆ. ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹೊಲದಿಂದ ಬರುವ ಹೊತ್ತಿಗೆ ದಾರಿಯ ಪಕ್ಕ ಸುಮ್ಮನೆ ನಿಂತು ಅದರ ನಡಿಗೆ ನೋಡುತ್ತಾನೆ. ಆಮೇಲೆ ಹತ್ತಿರ ಹೋಗಿ ಹೆಗಲಿನ ಮೇಲೆ ಅಂಗೈ ಇಡುತ್ತಾನೆ. ಅಷ್ಟೇ.

ಆ ವರ್ಷ ಅವನ ಮುಂದೆ ಬಂದದ್ದು ಎತ್ತಿನ ಮಾತಲ್ಲ, ಮೊಮ್ಮಗಳ ಕಾಲೇಜಿನ ಮಾತು.

ಭುವನಾ ಪಿಯುಸಿ ಸೈನ್ಸಿನಲ್ಲಿ ನೂರಕ್ಕೆ ಎಂಬತ್ತೊಂದು ತೆಗೆದಿದ್ದಳು. ಬಿ.ಎಸ್ಸಿ. ಮಾಡಬೇಕು, ಅದರಲ್ಲೂ ಕೆಮಿಸ್ಟ್ರಿ ಎಂದು ಅವಳ ಹಟ. ಅವಳ ಅಪ್ಪ ರವಿಕುಮಾರನಿಗೆ ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಅವನು ಯಾರೋ ಕೊಟ್ಟ ಬಣ್ಣದ ಪುಸ್ತಕವೊಂದನ್ನು ತಂದು ಕಟ್ಟೆಯ ಮೇಲೆ ಹರವಿದ. ಕಡೂರಿನಾಚೆ ಹೆದ್ದಾರಿ ಪಕ್ಕ ಹೊಸದಾಗಿ ಎದ್ದ ಖಾಸಗಿ ಕಾಲೇಜಿನದು. ಹಾಸ್ಟೆಲ್ಲೂ ಸೇರಿ ವರ್ಷಕ್ಕೆ ಲಕ್ಷದ ಹತ್ತಿರ. ಸೋಮವಾರದೊಳಗೆ ಮುಂಗಡ ಕಟ್ಟಿದರೆ ಸೀಟು ಹಿಡಿದಿಡುತ್ತಾರಂತೆ.

"ಹೊಸ ವೈಂಡಿಂಗ್ ಮಿಷನ್ ಮುಂದಿನ್ ವರ್ಷ ತಗಂಡ್ರಾಯ್ತು" ಎಂದ ರವಿಕುಮಾರ. "ನಾನು ಪಿಯುಸಿಗೆ ನಿಂತ್ಕಂಡೆ. ಇವ್ಳು ಯಾರ್ಗೂ ಕಡ್ಮೆ ಆಗ್ಬಾರ್ದು."

ಭುವನಾ ಪುಸ್ತಕದ ಹಾಳೆ ಮಗುಚಿದಳು. ಹಳೆಯ ಮಿಷನ್ನು ದಿನಕ್ಕೆರಡು ಸಲ ಕೈಕೊಡುವುದು ಅವಳಿಗೂ ಗೊತ್ತಿತ್ತು. ಸೊಸೆ ಪ್ರೇಮಮ್ಮ ಒಳಗಿಂದ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಮಾವಯ್ಯ, ಅಂತರಘಟ್ಟಮ್ಮನ ಹತ್ರ ಹೋಗಿ ಹೂವಾದ್ರೂ ಕೇಳ್ಬಾರ್ದಾ? ಎಡಕ್ಕೋ ಬಲಕ್ಕೋ, ಗೊತ್ತಾಗೋಗುತ್ತೆ."

"ಅಮ್ಮ ನಮ್ಗೆ ಎರಡ್ ಕಣ್ ಕೊಟ್ಟವ್ಳೆ ಕಣಮ್ಮ. ಅದನ್ನ ಮುಚ್ಕಂಡು ಹೋಗಿ ಅವ್ಳನ್ನೇ ಕೇಳುದ್ರೆ ಬೇಜಾರ್ ಮಾಡ್ಕಳಲ್ವಾ? ಮೊದ್ಲು ನೋಡಣ. ನಮ್ ಕಣ್ಣಿಗೆ ಕಾಣ್ದಿದ್ರೆ ಆಮೇಲ್ ಕೇಳಣ."

"ನೋಡಿ ಮತ್ತೆ. ಊರ್ ಎತ್ತೆಲ್ಲ ನೀವೇ ನೋಡೀರಿ!"

"ಅಜ್ಜ, ಕಾಲೇಜಿಗೆ ಹಲ್ಲಿರಲ್ಲ, ವಯಸ್ಸು ಹೆಂಗ್ ಗೊತ್ತಾಗುತ್ತೆ?" ಎಂದು ಭುವನಾ ನಕ್ಕಳು.

"ನೀನ್ ಬಾ ನನ್ ಜೊತೆ" ಎಂದ ದೊಡ್ಡಬೀರಪ್ಪ.

ಬುಧವಾರ ಇಬ್ಬರೂ ಕಡೂರಿನ ದಾರಿ ಹಿಡಿದರು. ಬಸ್ಸಿನಲ್ಲಿ ಭುವನಾ ಆಧಾರ್ ತೋರಿಸಿದಳು, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೇಟು ಹರಿದುಕೊಟ್ಟ. ಅಜ್ಜನ ಮುಂದೆ ಕೈ ಚಾಚಿದ. "ಅಜ್ಜ, ಮೊಮ್ಮಗಳಿಗೆ ಫ್ರೀ, ನಿಂಗೆ ದುಡ್ಡು."

"ನಾಳೆ ಸೀರೆ ಉಟ್ಕಂಡು ಬರ್ಲೇನಪ್ಪಾ?"

"ಮೀಸೆ ಏನ್ ಮಾಡ್ತೀಯ?" ಎಂದ ಕಂಡಕ್ಟರ್. ಹಿಂದಿನ ಸೀಟಿನ ಹೆಂಗಸರೆಲ್ಲ ನಕ್ಕರು. ಆದರೆ ದೊಡ್ಡಬೀರಪ್ಪ ಆ ಸೊನ್ನೆಯ ಚೀಟಿಯನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಹೆಣ್ಣುಮಗಳೊಬ್ಬಳು ದಿನಾ ಹೋಗಿ ದಿನಾ ಬರುವುದಕ್ಕೆ ಇಷ್ಟೇ ಸಾಕು ಎಂದಾದರೆ, ಹಾಸ್ಟೆಲ್ಲು ಏತಕ್ಕೆ ಎಂಬ ಯೋಚನೆ ಅವನಿಗೆ ಬಂದದ್ದು ಆಗಲೇ.

ಹೊಸ ಕಾಲೇಜಿನ ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ದೊಡ್ಡಬೀರಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ತಣ್ಣಗಿನ ಕೋಣೆ, ಮೆತ್ತನೆಯ ಸೋಫಾ, ಪೇಪರ್ ಕಪ್ಪಿನಲ್ಲಿ ಟೀ. ಅಡ್ಮಿಷನ್ ನೋಡಿಕೊಳ್ಳುವ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿ, ಗೋಡೆಯ ಮೇಲಿನ ಟಿವಿಯಲ್ಲಿ ಕಾಲೇಜಿನ ಚಿತ್ರ ಹಾಕಿದಳು.

"ಚೆನ್ನಾಗದೆ ಕಣಮ್ಮ. ಇದ್ರಲ್ಲಿರೋದು ಇಲ್ಲೇ ಐತಲ್ಲ, ಅದನ್ನೇ ತೋರ್ಸು" ಎಂದ.

ಅವಳು ಸ್ವಲ್ಪ ತಡವರಿಸಿ, ಬೀಗದ ಕೈ ತರಿಸಿ, ಕೆಮಿಸ್ಟ್ರಿ ಲ್ಯಾಬ್ ತೆರೆಸಿದಳು. ಬಿಳಿ ಕಲ್ಲಿನ ಉದ್ದುದ್ದ ಮೇಜುಗಳು ಫಳಫಳ ಹೊಳೆಯುತ್ತಿದ್ದವು. ಗಾಜಿನ ಕೊಳವೆಗಳಿಗೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹಾಗೇ ಇತ್ತು.

"ಮೇಡಂ, ಒಬ್ಬೊಬ್ರಿಗೂ ಒಂದೊಂದು ಬ್ಯುರೆಟ್ ಕೊಡ್ತಾರಾ?" ಎಂದು ಭುವನಾ ಕೇಳಿದಳು.

"ಸರ್ ಡೆಮೊ ಮಾಡಿ ತೋರಿಸ್ತಾರೆ. ಬ್ಯಾಚಿಗೆ ಒಂದ್ಸಲ" ಎಂದಳು ಆ ಹುಡುಗಿ. ಪಾಪ, ಅವಳು ಸುಳ್ಳು ಹೇಳಲಿಲ್ಲ.

ಭುವನಾಳ ಮುಖ ಸಣ್ಣಗಾದದ್ದನ್ನು ಅಜ್ಜ ನೋಡಿದ. ವಾಪಸು ಬರುವಾಗ ಅವಳೇ ಹೇಳಿದಳು: "ಪಿಯುಸಿಲೂ ಹಿಂಗೇ ಅಜ್ಜ. ಮೇಷ್ಟ್ರು ಮಾಡೋರು, ನಾವು ಅರವತ್ ಜನ ಬಗ್ಗಿ ನೋಡೋರು. ಎರಡ್ ವರ್ಷದಲ್ಲಿ ಆ ಬ್ಯುರೆಟ್ ಕೊಳವೆ ನನ್ ಕೈಗೆ ಬಂದಿದ್ದು ಒಂದೇ ಸಲ. ಒಂದ್ ತೊಟ್ಟು ಬಿದ್ದ ತಕ್ಷಣ ನೀರ್ ಗುಲಾಬಿ ಬಣ್ಣ ಆಗ್ಬಿಡುತ್ತೆ, ನಿಂಗೊತ್ತಾ? ಅದನ್ನ ನಾನೇ ನಿಲ್ಸ್ಬೇಕು, ಸರಿಯಾದ ತೊಟ್ಟಿಗೆ. ಅದ್ಕೇ ನಂಗೆ ಕೆಮಿಸ್ಟ್ರಿ."

ದೊಡ್ಡಬೀರಪ್ಪನಿಗೆ ಗುಲಾಬಿ ನೀರು ಅರ್ಥವಾಗಲಿಲ್ಲ. ಅವಳಿಗೆ ಏನು ಬೇಕೆಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಮರುದಿನ ತರೀಕೆರೆ. ಅಲ್ಲಿನ ಹಳೆಯ ಕಾಲೇಜಿಗೆ ಅವರು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಗೇಟಿನೆದುರು ಬೇವಿನ ಮರದ ಬುಡದಲ್ಲಿ ದೊಡ್ಡಬೀರಪ್ಪ ಟವೆಲ್ ಹಾಸಿ ಕೂತುಬಿಟ್ಟ. "ಒಳಗ್ ಹೋಗಲ್ವಾ?" ಎಂದರೆ, "ಕಾಲೇಜ್ ಬಿಡ್ಲಿ, ನಡಿಗೆ ನೋಡಣ" ಎಂದ. ಬೆಲ್ಲು ಹೊಡೆಯಿತು. ಹುಡುಗ ಹುಡುಗಿಯರು ಹೊಡೆದಟ್ಟಿದ ಹಾಗೆ ಓಡೋಡಿ ಹೊರಗೆ ಬಂದರು. ಒಬ್ಬಳ ಚಪ್ಪಲಿ ಕಿತ್ತುಹೋಯಿತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಅಜ್ಜ ಎದ್ದು ಟವೆಲ್ ಕೊಡವಿದ. "ನಡಿಯವ್ವ, ಊರಿಗ್ ಹೋಗಣ. ಹೊಟ್ಟೆಗ್ ಹಾಕ್ದಿರೋ ಕೊಟ್ಟಿಗೆಯಿಂದ್ಲೇ ದನ ಹಿಂಗೆ ಓಡಾದು."

"ಅಯ್ಯೋ ಅಜ್ಜ! ಮೂರೂ ನಲವತ್ತೈದರ ಬಸ್ಸು ತಪ್ಪಿದ್ರೆ ಇನ್ನೊಂದು ಐದೂಕಾಲಿಗೆ. ಅದ್ಕೆ ಓಡ್ತಾವೆ ಕಣಜ್ಜ."

ದೊಡ್ಡಬೀರಪ್ಪ ರಸ್ತೆಯ ಕಡೆ ನೋಡಿದ. ನಿಜವೇ, ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತ ನಿಂತಿತ್ತು. "ಎತ್ತಿಗೆ ಬಸ್ಸಿಲ್ಲ, ನಂಗ್ ಹೆಂಗ್ ಗೊತ್ತಾಗ್ಬೇಕು" ಎಂದು ಗೊಣಗಿ, ಕಾಲೇಜಿನೊಳಗೆ ನಡೆದ. ಐವತ್ತು ವರ್ಷ ನಂಬಿದ ಲೆಕ್ಕ ಒಂದು ಕ್ಷಣದಲ್ಲಿ ತಪ್ಪಾದದ್ದು ಅವನಿಗೆ ನಗು ತರಿಸಿತು, ಸ್ವಲ್ಪ ನಾಚಿಕೆಯೂ ಆಯಿತು. ಇನ್ನು ಮೇಲೆ ಇವಳನ್ನು ಕೇಳದೆ ತೀರ್ಮಾನ ಹೇಳಬಾರದು ಅಂದುಕೊಂಡ.

ಲ್ಯಾಬಿನಲ್ಲಿ ಬಸ್ಸಿನ ಗಡಿಬಿಡಿಯಿಲ್ಲದ ಮೂವರು ಹುಡುಗಿಯರು ಇನ್ನೂ ಕೆಲಸ ಮಾಡುತ್ತಿದ್ದರು. ಒಬ್ಬೊಬ್ಬಳ ಮುಂದೂ ಒಂದೊಂದು ಕೊಳವೆ. ಮೇಜು ಮರದ್ದು, ಅದರ ಮೈತುಂಬ ಕಪ್ಪು, ಕಂದು, ಹಳದಿ ಕಲೆ, ಆಸಿಡ್ ತಿಂದ ಗುಳಿ. ದೊಡ್ಡಬೀರಪ್ಪ ಅದರ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದ. ನೊಗ ಹೊತ್ತು ಹೊತ್ತು ಕಾಯಿಗಟ್ಟಿದ ಹೆಗಲು ಹೀಗೇ ಇರುತ್ತದೆ. ದುಡಿದ ಮೈಗೆ ಹೊಳಪಿರುವುದಿಲ್ಲ, ಹಿಡಿತ ಇರುತ್ತದೆ. ಆಮೇಲೆ ಮೊಮ್ಮಗಳ ಮುಖ ನೋಡಿದ. ಅವಳು ಆಗಲೇ ಆ ಹುಡುಗಿಯರ ಪಕ್ಕ ನಿಂತು, ಉಸಿರು ಬಿಗಿಹಿಡಿದು ಒಂದು ತೊಟ್ಟು ಬೀಳುವುದನ್ನು ಕಾಯುತ್ತಿದ್ದಳು.

ಕೆಮಿಸ್ಟ್ರಿ ಮೇಷ್ಟ್ರು ತಿಪ್ಪೇಶ್ ಕೈ ಒರೆಸಿಕೊಳ್ಳುತ್ತ ಬಂದರು. ಫೀಸು ಕೇಳಿದರೆ, ಹೆಣ್ಣುಮಕ್ಕಳಿಗೆ ಹೆಚ್ಚುಕಡಿಮೆ ಮಾಫಿ, ವರ್ಷಕ್ಕೆ ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ ಎಂದರು. ಆಮೇಲೆ ಹೇಳಿದರು:

"ಯಜಮಾನ್ರೇ, ಮುಚ್ಚಿಡಬಾರ್ದು. ಹದಿನೈದು ಜನ ಸೇರಿದ್ರೆ ಮಾತ್ರ ಈ ವರ್ಷ ಕೆಮಿಸ್ಟ್ರಿ ಸೆಕ್ಷನ್ ನಡೆಯೋದು. ಇವತ್ತಿಗೆ ಹದಿಮೂರು. ಮಗು ಬಂದ್ರೆ ಹದಿನಾಲ್ಕು. ಶನಿವಾರ ಸಂಜೆ ಪಟ್ಟಿ ಕಳಿಸ್ಬೇಕು. ಇನ್ನೊಬ್ರು ಬರ್ದಿದ್ರೆ ಎಲ್ಲರನ್ನೂ ಬೇರೆ ಕಡೆ ಕಳಿಸಿಬಿಡ್ತಾರೆ."

ವಾಪಸು ಬರುವ ಬಸ್ಸಿನಲ್ಲಿ, ಅಂತರಘಟ್ಟೆಗೆ ಹೋಗುವ ದಾರಿಯ ಬೋರ್ಡು ಕಂಡಾಗ ದೊಡ್ಡಬೀರಪ್ಪ ಕೂತಲ್ಲೇ ಕೈಮುಗಿದ. ಹೂವು ಕೇಳಲಿಲ್ಲ. ತಾಯೇ, ಇನ್ನೊಂದು ಜೀವ ಎಲ್ಲಿದೆಯೋ ತೋರಿಸು ಎಂದಷ್ಟೇ ಕೇಳಿಕೊಂಡ. ಆಮೇಲೆ ಮೊಮ್ಮಗಳ ಕಡೆ ತಿರುಗಿದ.

"ನಿನ್ ಜೊತೆ ಓದ್ದೋರಲ್ಲಿ ಸುಮ್ನೆ ಮನೇಲ್ ಕೂತಿರೋರು ಯಾರವ್ರೇ?"

ಭುವನಾ ಯೋಚಿಸಿದಳು. "ಸ್ಫೂರ್ತಿ. ನಂಗಿಂತ ಎರಡ್ ಮಾರ್ಕ್ಸ್ ಜಾಸ್ತಿ ಅವ್ಳಿಗೆ. ಒಂದನೇ ತಾರೀಕಿಂದ ಕಡೂರಲ್ಲಿ ಬಟ್ಟೆ ಅಂಗಡಿಗೆ ಹೋಗ್ತಾಳಂತೆ. ಅವ್ರಮ್ಮ ಬ್ಯಾಡ ಅಂದ್ಬಿಟ್ರು."

"ಯಾಕಂತೆ?"

"ಕೇಳ್ಲಿಲ್ಲ ಅಜ್ಜ."

ಶುಕ್ರವಾರ ಬೆಳಗ್ಗೆ ಇಬ್ಬರೂ ಎರಡು ಮೈಲಿ ನಡೆದು ಪಕ್ಕದ ಹಳ್ಳಿಗೆ ಹೋದರು. ಸ್ಫೂರ್ತಿಯ ತಾಯಿ ಕಾಂತಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, "ಬನ್ನಿ ದೊಡ್ಡಯ್ಯ. ಎತ್ತು ನೋಡಕ್ ಬಂದ್ರೇನು? ನಮ್ಮನೇಲಿ ಇರೋದೊಂದು ಮೇಕೆ" ಎಂದಳು.

"ಮೇಕೆ ಇರ್ಲಿ. ನಿನ್ ಮಗಳ್ನ ಕಾಲೇಜಿಗ್ ಕಳ್ಸು ಅಂತ ಕೇಳಕ್ ಬಂದೆ" ಎಂದು ದೊಡ್ಡಬೀರಪ್ಪ ಸುತ್ತುಬಳಸದೆ ಹೇಳಿದ. ಒಬ್ಬಳು ಕಡಿಮೆ ಇರುವುದನ್ನೂ ಮುಚ್ಚಿಡಲಿಲ್ಲ.

ಕಾಂತಮ್ಮ ನಕ್ಕಳು. "ಓಹೋ! ನಿಮ್ ಮೊಮ್ಮಗಳ್ ಓದ್ಗೆ ನನ್ ಮಗಳು ಲೆಕ್ಕ ತುಂಬ್ಸ್ಬೇಕಾ?"

"ಹೂಂ ಕಣವ್ವ. ಹಂಗೇ ಅನ್ಕೋ."

ಬಾಗಿಲ ಹಿಂದೆ ನಿಂತಿದ್ದ ಸ್ಫೂರ್ತಿ ಈಚೆ ಬಂದಳು. ಭುವನಾ ಅವಳ ಕೈ ಹಿಡಿದು, "ಒಬ್ಬೊಬ್ರಿಗೂ ಒಂದೊಂದು ಬ್ಯುರೆಟ್ ಕಣೇ" ಎಂದು ಪಿಸುಗುಟ್ಟಿದಳು. ಅಷ್ಟಕ್ಕೇ ಸ್ಫೂರ್ತಿಯ ಕಣ್ಣುಗಳು ಅಗಲವಾದವು.

"ದುಡ್ಡಿಂದಲ್ಲ ದೊಡ್ಡಯ್ಯ" ಎಂದಳು ಕಾಂತಮ್ಮ, ದನಿ ತಗ್ಗಿಸಿ. "ಐದೂಕಾಲಿನ ಬಸ್ಸು ಸಿಕ್ರೆ ಇಳಿಯೋದು ಆರೂವರೆ, ಚಳಿಗಾಲ್ದಲ್ಲಿ ಆಗ್ಲೇ ಕತ್ಲು. ನಮ್ಮೂರಿಂದ ತರೀಕೆರೆಗೆ ಹೋಗೋ ಹುಡ್ಗಿ ಇನ್ನೊಬ್ಳಿಲ್ಲ. ಆ ಕೆರೆ ಏರಿ ಮೇಲೆ ಒಬ್ಳೇ ನಡ್ಕಂಡ್ ಬರ್ಬೇಕು. ಕಡೂರಾದ್ರೆ ಅಂಗಡಿ ಗಾಡಿಲೇ ತಂದ್ ಬಿಡ್ತಾರೆ. ಅದ್ಕೇ ಬ್ಯಾಡ ಅಂದಿದ್ದು. ನನ್ ಮಗ್ಳು ಓದೋದು ನಂಗ್ ಬ್ಯಾಡ್ವಾ?"

ಹದಿನಾಲ್ಕು, ಹದಿನೈದು ಎಂದು ತಾನು ಎಣಿಸುತ್ತ ಬಂದದ್ದು ದೊಡ್ಡಬೀರಪ್ಪನಿಗೆ ಈಗ ಸಣ್ಣ ಮಾತಾಗಿ ಕಂಡಿತು. ಮನೆ ಮನೆಯಲ್ಲೂ ಒಬ್ಬೊಬ್ಬಳು ಒಂಟಿಯಾಗಿ ಕೂತಿದ್ದಾಳೆ. ಒಬ್ಬರಿಗೊಬ್ಬರು ಇದ್ದಾರೆಂದು ಯಾರೂ ಹೇಳಿರಲಿಲ್ಲ.

"ಏರಿ ಮೇಲೆ ಒಬ್ಳೇ ಯಾಕ್ ಬರ್ತಾಳೆ?" ಎಂದ. "ಇವ್ಳೂ ಅದೇ ಬಸ್ಸಿಂದಲ್ವಾ ಇಳಿಯೋದು? ಇಬ್ರೂ ಸೇರಿ ಬರ್ತಾವೆ. ಕತ್ಲಾದ್ ದಿನ ಏರಿ ಮೇಲೆ ನಾನ್ ನಿಂತಿರ್ತೀನಿ. ನಿನ್ ಮಗಳ್ನ ಮನೆ ಬಾಗ್ಲಿಗ್ ಬಿಟ್ಟು, ಆಮೇಲೆ ನಾವ್ ಮನೆಗ್ ಹೋಗ್ತೀವಿ. ಈ ವಯಸ್ನಲ್ಲಿ ನಂಗಿನ್ನೇನ್ ಕೆಲ್ಸ?"

"ಮೂರ್ ವರ್ಷ ನಿಂತ್ಕಂತೀರಾ ದೊಡ್ಡಯ್ಯ?"

"ದೇವ್ರು ನಿಲ್ಲುಸ್ದಷ್ಟ್ ದಿನ. ಆಮೇಲೆ ರವಿ ನಿಂತ್ಕತಾನೆ."

ಕಾಂತಮ್ಮ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು, ಎರಡು ಸಲ ಕೇರಿದಳು, ಹೊಟ್ಟನ್ನು ಊದಿದಳು. ಹುಡುಗಿಯರಿಬ್ಬರೂ ಅವಳ ಕೈಯನ್ನೇ ನೋಡುತ್ತಿದ್ದರು.

"ಲೇ ಸ್ಫೂರ್ತಿ, ನಿಂತ್ಕಂಡ್ ನೋಡ್ತೀಯಲ್ಲ, ಆ ಮಾರ್ಕ್ಸ್ ಕಾರ್ಡ್ ಎಲ್ಲಿಟ್ಟಿದೀಯ ಹುಡ್ಕು. ಟ್ರಂಕಿನ ತಳದಲ್ಲಿರ್ಬೇಕು ನೋಡು" ಎಂದಳು.

ಸ್ಫೂರ್ತಿ ಒಳಗೆ ಓಡಿದಳು. ಭುವನಾ ಫೋನು ತೆಗೆದು ಅಪ್ಪನಿಗೆ ಹಚ್ಚಿದಳು. ಅಂಗಡಿಯ ಹಳೆಯ ಮಿಷನ್ನಿನ ಸದ್ದಿನ ನಡುವೆ ರವಿಕುಮಾರ ಎಲ್ಲವನ್ನೂ ಕೇಳಿಸಿಕೊಂಡ. ಮಿಷನ್ನಿನ ಸದ್ದು ನಿಂತಿತು.

"ಅಜ್ಜಂಗೆ ಕೊಡು" ಎಂದ. ದೊಡ್ಡಬೀರಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಅಪ್ಪಾ, ದೊಡ್ ಕಾಲೇಜ್ನಲ್ಲಿ ನಿಂಗೇನೂ ಚೆನ್ನಾಗ್ ಕಾಣ್ಲಿಲ್ವಾ?"

"ಬಾಳ ಚೆನ್ನಾಗೈತಪ್ಪ. ಇವ್ಳಿಗ್ ಬೇಕಾದ್ದು ಅಲ್ಲಿಲ್ಲ, ಅಷ್ಟೇಯ."

ರವಿಕುಮಾರ ಉಸಿರು ಬಿಟ್ಟದ್ದು ಫೋನಿನಲ್ಲೂ ಕೇಳಿಸಿತು. "ಸರಿ. ಇಬ್ರುದೂ ಮಾರ್ಕ್ಸ್ ಕಾರ್ಡು, ಆಧಾರು, ಫೋಟೋ ಎಲ್ಲ ತಗಂಡು ಮಧ್ಯಾಹ್ನದೊಳಗೆ ಅಂಗಡಿ ಹತ್ರ ಬರಕ್ ಹೇಳು. ಜೆರಾಕ್ಸ್ ನಾನೇ ಮಾಡ್ಸ್ತೀನಿ. ನಾಳೆ ಮೊದಲ್ನೇ ಬಸ್ಸಿಗೆ ಕರ್ಕಂಡ್ ಹೋಗ್ತೀನಿ."